ಆಸ್ಪತ್ರೆ ಚೀಟಿ ಜೈಲಿಗೆ ತಲುಪಿದೆಯೇ?

(ಮಾನಸಿಕ ಕಾಯಿಲೆ, ಪೊಲೀಸು, ಕೋರ್ಟು: ಈ ವಾರ ಮೂರು ಪ್ರಶ್ನೆಗಳಿಗೆ ಮನೋವೈದ್ಯೆಯ ಉತ್ತರ)

ಪ್ರಶ್ನೆ: ನನ್ನ ತಮ್ಮನಿಗೆ 29 ವರ್ಷ. ಸ್ಕಿಜೋಫ್ರೇನಿಯಾ ಅಂತ ನಾಲ್ಕು ವರ್ಷದಿಂದ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಬರುವ ಡಾಕ್ಟರ ಹತ್ತಿರ ತೋರಿಸುತ್ತಿದ್ದೆವು. ಮೂರು ತಿಂಗಳಿಂದ ಮಾತ್ರೆ ಬಿಟ್ಟಿದ್ದ. ಎದುರಿನ ಅಂಗಡಿಯವರು ತನ್ನ ವಿಷಯವೇ ಆಡಿಕೊಳ್ಳುತ್ತಾರೆ ಅಂತ ಹೋಗಿ ಗಾಜು ಒಡೆದ, ತಡೆಯಲು ಬಂದವರಿಗೆ ಕೋಲಿನಿಂದ ಹೊಡೆದ. 12 ದಿನದಿಂದ ಜೈಲಿನಲ್ಲಿದ್ದಾನೆ. ‘ಆಸ್ಪತ್ರೆಗೆ ಹಾಕಿದರೆ ಹೊರಗೆ ಬರೋದೇ ಇಲ್ಲ, ಜೈಲೇ ವಾಸಿ’ ಅಂತ ಪರಿಚಯದ ಪೊಲೀಸರೊಬ್ಬರು ಹೇಳಿದರು. ‘ತಲೆ ಸರಿ ಇಲ್ಲ ಅಂತ ಕೋರ್ಟಿಗೆ ಹೇಳಿ, ಕೇಸೇ ಬಿದ್ದುಹೋಗುತ್ತೆ’ ಅಂತ ಇನ್ನೊಬ್ಬರು. ಯಾರ ಮಾತು ಕೇಳಲಿ?
– ಒಬ್ಬ ಅಕ್ಕ, ದಾವಣಗೆರೆ ಜಿಲ್ಲೆ

ಉತ್ತರ: ಇಬ್ಬರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಪೂರ್ತಿ ಸುಳ್ಳಾಗಿದ್ದರೆ ತಳ್ಳಿಹಾಕುವುದು ಸುಲಭವಿತ್ತು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಹೇಳಿ, ತಮ್ಮನ ಆಸ್ಪತ್ರೆ ಚೀಟಿ ಎಲ್ಲಿದೆ? ಬೀರುವಿನಲ್ಲೇ ಇದ್ದರೆ ಇವತ್ತೇ ಅದರ ನಕಲು ತೆಗೆಸಿ, ಕಾಯಿಲೆಯ ಹೆಸರು, ಯಾವ ಮಾತ್ರೆ, ಯಾವಾಗಿನಿಂದ ಬಿಟ್ಟ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ಜೈಲಿನ ಸೂಪರಿಂಟೆಂಡೆಂಟರಿಗೆ ಮತ್ತು ಅಲ್ಲಿನ ವೈದ್ಯರಿಗೆ ಕೊಡಿ. ತಲುಪಿದೆ ಎಂದು ಸಹಿ, ತಾರೀಕು ಹಾಕಿಸಿಕೊಳ್ಳಿ. ಬಿಟ್ಟ ದಿನ ಬರೆಯಿರಿ ಎನ್ನುವುದಕ್ಕೆ ಕಾರಣ ಇದೆ. ಈ ಕಾಯಿಲೆಗೆ ಕೊಡುವ ಕ್ಲೋಜಪಿನ್‌ನಂಥ ಮಾತ್ರೆ ಎರಡು ದಿನಕ್ಕಿಂತ ಹೆಚ್ಚು ತಪ್ಪಿದರೆ ಹಳೆಯ ಪ್ರಮಾಣವನ್ನೇ ಒಮ್ಮೆಲೇ ಕೊಡುವಂತಿಲ್ಲ, ಕೆಳಗಿನಿಂದ ಏರಿಸುತ್ತಾ ಬರಬೇಕು. ಮನೆಯಲ್ಲಿ ಉಳಿದ ಮಾತ್ರೆಯನ್ನು ಊಟದ ಡಬ್ಬಿಯೊಳಗಿಟ್ಟು ಕಳಿಸುವ ಸಾಹಸ ಬೇಡ.

ಜೈಲಿಗೆ ತಪಾಸಣೆಗೆ ಹೋಗುತ್ತಿದ್ದ ವರ್ಷಗಳಲ್ಲಿ ಕಂಡದ್ದೇನೆಂದರೆ, ಕೂಗಾಡುವವನನ್ನು ಒಂದೇ ದಿನದಲ್ಲಿ ನಮ್ಮ ಮುಂದೆ ತಂದು ನಿಲ್ಲಿಸುತ್ತಿದ್ದರು. ಗೋಡೆ ಕಡೆ ಮುಖ ಮಾಡಿ, ಉಣ್ಣದೆ ಕೂತವನು ‘ಬಹಳ ಸಾಧು’ ಎನ್ನಿಸಿಕೊಂಡು ತಿಂಗಳುಗಟ್ಟಲೆ ಹಾಗೇ ಕಳೆಯುತ್ತಿದ್ದ. ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್ ವೈದ್ಯರು 5,000ಕ್ಕೂ ಹೆಚ್ಚು ಕೈದಿಗಳನ್ನು ಮಾತಾಡಿಸಿ ನೋಡಿದಾಗ, ಕುಡಿತ-ವ್ಯಸನಗಳ ಲೆಕ್ಕ ಬದಿಗಿಟ್ಟ ಮೇಲೂ ಶೇ 27.6ರಷ್ಟು ಮಂದಿಗೆ ಮಾನಸಿಕ ಕಾಯಿಲೆ ಇತ್ತು. ನಿಮ್ಮ ತಮ್ಮ ಆ ಗುಂಪಿನಲ್ಲಿ ಕಾಣದೆ ಹೋಗಬಾರದು ಎಂದೇ ಚೀಟಿಯ ಮಾತು ಮೊದಲು ಎತ್ತಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 103ನೇ ಕಲಂ ಪ್ರಕಾರ, ಕಾಯಿಲೆ ಇರುವ ಕೈದಿಯನ್ನು ಜೈಲಿನ ಮನೋವೈದ್ಯಕೀಯ ವಾರ್ಡಿಗೆ, ಅದಿಲ್ಲದಿದ್ದರೆ ಹೊರಗಿನ ಆಸ್ಪತ್ರೆಗೆ ಸೇರಿಸಲು ದಾರಿ ಇದೆ.

ಇನ್ನು ಕೋರ್ಟಿನ ವಿಷಯ. ನಾನು ವಕೀಲೆಯಲ್ಲ, ಆದರೆ ಸಾಕ್ಷಿ ಹೇಳಿ ಹೇಳಿ ಇಷ್ಟು ಗೊತ್ತಿದೆ. ಜನ ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಎಂದುಕೊಳ್ಳುತ್ತಾರೆ. ಕಾಯಿಲೆ ಇದೆ ಎನ್ನುವುದು ಒಂದು. ಈಗ ಕೋರ್ಟಿನಲ್ಲಿ ನಿಂತು ತನ್ನ ಪರ ಹೇಳಿಕೊಳ್ಳುವ ಸ್ಥಿತಿಯಲ್ಲಿ ಇದ್ದಾನೋ ಇಲ್ಲವೋ ಎನ್ನುವುದು ಇನ್ನೊಂದು. ಕೋಲು ಎತ್ತಿದ ಆ ಗಳಿಗೆಯಲ್ಲಿ ತಾನು ಮಾಡುತ್ತಿರುವುದೇನು, ಅದು ತಪ್ಪು ಎಂಬ ಅರಿವಿತ್ತೇ ಎನ್ನುವುದು ಮೂರನೆಯದು. ‘ಕೇಸೇ ಬಿದ್ದುಹೋಗುತ್ತೆ’ ಎಂದವರು ಹೇಳುತ್ತಿರುವುದು ಮೂರನೆಯದನ್ನು, ಅಂದರೆ ಹಳೆಯ ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ. ಅದು ವಿಚಾರಣೆ ಮುಗಿಯುವ ಹೊತ್ತಿನ ಮಾತು. ಸಾಬೀತು ಮಾಡುವ ಹೊರೆ ನಿಮ್ಮದೇ. ಹಳೇ ಚೀಟಿ ತೋರಿಸಿದ ಮಾತ್ರಕ್ಕೆ ಆಗದು. ಆಗಿ ಖುಲಾಸೆಯಾದರೂ ನೇರ ಮನೆಗೇ ಕಳಿಸುತ್ತಾರೆ ಎಂದಿಲ್ಲ.

ನಿಮಗೆ ಈಗ ಬೇಕಿರುವುದು ಜಾಮೀನು. ತಮ್ಮನಿಗೆ ಮಾತು ಅರ್ಥವಾಗುವ ಹಾಗಿದ್ದರೆ ಎಲ್ಲರಂತೆ ಮಾಮೂಲಿ ಜಾಮೀನಿಗೇ ಅರ್ಜಿ ಹಾಕಿಸಿ. ಚಿಕಿತ್ಸೆ ಮುಂದುವರಿಸುತ್ತೇವೆ ಎಂಬ ಷರತ್ತನ್ನು ನೀವೇ ಮುಂದಿಡಿ. ಅಷ್ಟೂ ಅರಿವಿಲ್ಲದ ಸ್ಥಿತಿಯಾದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 367ರಿಂದ 369ರವರೆಗಿನ ಕಲಂಗಳು ಇವೆ. ಸರ್ಕಾರಿ ವೈದ್ಯರು ಪರೀಕ್ಷಿಸಿ, ಕೋರ್ಟಿನಲ್ಲಿ ತನ್ನ ಪರ ಹೇಳಿಕೊಳ್ಳಲು ಅಸಮರ್ಥ ಎಂದರೆ, ಅಪರಾಧ ಜಾಮೀನು ಕೊಡುವಂಥದ್ದಾಗಲಿ ಅಲ್ಲದ್ದಾಗಲಿ, ಎರಡು ಷರತ್ತಿನ ಮೇಲೆ ಬಿಡಬೇಕು ಎನ್ನುತ್ತದೆ 369. ಒಳರೋಗಿಯಾಗಿ ಇರಲೇಬೇಕಾದಷ್ಟು ಕಾಯಿಲೆ ಬಲಿತಿರಬಾರದು. ಮತ್ತೆ, ಬಂಧುವೋ ಸ್ನೇಹಿತರೋ ಮುಚ್ಚಳಿಕೆ ಬರೆದುಕೊಡಬೇಕು: ಹತ್ತಿರದ ಆಸ್ಪತ್ರೆಯಲ್ಲಿ ಹೊರರೋಗಿಯಾಗಿ ತಪ್ಪದೆ ತೋರಿಸುತ್ತೇವೆ, ತನಗಾಗಲಿ ಬೇರೆಯವರಿಗಾಗಲಿ ಅಪಾಯ ಮಾಡದಂತೆ ನೋಡಿಕೊಳ್ಳುತ್ತೇವೆ ಎಂದು. ಮುಚ್ಚಳಿಕೆಗೆ ಯಾರೂ ಇಲ್ಲದಿದ್ದರೆ ಚಿಕಿತ್ಸೆ ಸಿಗುವ ಜಾಗದಲ್ಲಿ ಇರಿಸಬೇಕು. ಆರೈಕೆಯ ವಸತಿ ಕೇಂದ್ರಕ್ಕೆ ಕಳಿಸುವ ಅವಕಾಶವೂ ಅದೇ ಕಲಮಿನಲ್ಲಿದೆ. ಕಲಂ ಚೆನ್ನಾಗಿದೆ, ಆದರೆ ಅದರ ಭಾರವೆಲ್ಲ ನಿಮ್ಮಂಥ ಅಕ್ಕಂದಿರ ಹೆಗಲಿಗೆ ಬಿದ್ದಿದೆ. ವಸತಿ ಕೇಂದ್ರಗಳು ಬೇಕಾದಷ್ಟು ಇದ್ದಿದ್ದರೆ ಹೀಗೆ ಬರೆಯುತ್ತಿರಲಿಲ್ಲ.

ಆದರೂ ‘ಅಸಮರ್ಥ’ ಎನ್ನಿಸಲು ಆತುರ ಬೇಡ. ಪೊಲೀಸರು ಹೆದರಿಸಿದ್ದರಲ್ಲಿ ನಿಜ ಇರುವುದು ಇಲ್ಲೇ. ಅಸಮರ್ಥ ಎಂದರೆ ವಿಚಾರಣೆ ಅಲ್ಲಿಗೇ ನಿಲ್ಲುತ್ತದೆ. ನಿಂತ ಕೇಸನ್ನು ಯಾರೂ ಕೇಳದಿದ್ದರೆ ಅದು ನಿಂತೇ ಇರುತ್ತದೆ. ಅಸ್ಸಾಮಿನ ಮಚಾಂಗ್ ಲಾಲುಂಗ್ ಅವರನ್ನು 1951ರಲ್ಲಿ, 23ನೇ ವಯಸ್ಸಿನಲ್ಲಿ ಹಿಡಿದು ತೇಜಪುರದ ಮಾನಸಿಕ ಆಸ್ಪತ್ರೆಗೆ ಕಳಿಸಿದ್ದರು. 1967ರಲ್ಲಿ ಗುಣವಾಗಿದ್ದಾರೆ ಎಂದು ಆಸ್ಪತ್ರೆಯೇ ಹೇಳಿತು. ಆಮೇಲೆ ಮನೆಗಲ್ಲ, ಗುವಾಹಟಿ ಜೈಲಿಗೆ. ಹೊರಬಂದದ್ದು 2005ರಲ್ಲಿ, ಒಂದು ರೂಪಾಯಿ ಬಾಂಡಿನ ಮೇಲೆ. ವಿಚಾರಣೆಯೇ ನಡೆಯದೆ 54 ವರ್ಷ. ಸುಪ್ರೀಂ ಕೋರ್ಟು 3 ಲಕ್ಷ ಪರಿಹಾರ, ತಿಂಗಳಿಗೆ ಸಾವಿರ ರೂಪಾಯಿ ಕೊಡಿಸಿತು, 2007ರಲ್ಲಿ ತೀರಿಕೊಂಡರು. ಹಾಗಾಗಿ ತಮ್ಮನನ್ನು ಆಸ್ಪತ್ರೆಗೆ ಕಳಿಸಿದರೂ ಪ್ರತಿ ಕೋರ್ಟ್ ತಾರೀಕಿಗೆ ನಿಮ್ಮ ವಕೀಲರು ಹಾಜರಿರಬೇಕು, ಸುಧಾರಿಸಿದ ವರದಿ ಬಂದ ದಿನವೇ ಮುಂದಿನ ಅರ್ಜಿ ಬೀಳಬೇಕು. ವಕೀಲರಿಗೆ ದುಡ್ಡಿಲ್ಲ ಎಂಬ ಚಿಂತೆ ಬೇಡ. ಈ ಕಾಯಿಲೆ ಇರುವವರಿಗೆ ಉಚಿತ ಕಾನೂನು ನೆರವು ಕಾಯ್ದೆಯೇ ಕೊಟ್ಟ ಹಕ್ಕು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಅಂಗಡಿಯವರ ಗಾಜಿನ ದುಡ್ಡು ಕೊಟ್ಟಿದ್ದೀರಾ? ಪತ್ರದಲ್ಲಿ ಬರೆದಿಲ್ಲ. ಅವರಿಗೂ ಪೆಟ್ಟು ಬಿದ್ದಿದೆ, ಭಯ ಕೂತಿದೆ. ವಕೀಲರನ್ನು ಕೇಳಿಕೊಂಡು, ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ ಮಾತಾಡಿ. ಸಣ್ಣ ಗಾಯ, ಆಸ್ತಿ ನಷ್ಟದ ಕೆಲವು ಕಲಂಗಳಿಗೆ ರಾಜಿಗೆ ಅವಕಾಶ ಇದೆ. ರಾಜಿ ಆಗದಿದ್ದರೂ, ತಮ್ಮ ವಾಪಸ್ ಬಂದು ಇರಬೇಕಾದದ್ದು ಅದೇ ಬೀದಿಯಲ್ಲಿ. ಬಂದ ಮೇಲೆ ದಿನಾ ಮಾತ್ರೆಗೆ ಜಗಳವಾಗುವುದಾದರೆ ಎರಡು ವಾರಕ್ಕೋ ತಿಂಗಳಿಗೋ ಒಮ್ಮೆ ಕೊಡುವ ಇಂಜೆಕ್ಷನ್ ಬಗ್ಗೆ ಮಂಗಳವಾರದ ವೈದ್ಯರನ್ನು ಕೇಳಿ. ಹೊಸ ಊರಿಗೆ ಕಳಿಸಿಬಿಡೋಣ ಎಂಬ ಸಲಹೆ ಬಂದೇ ಬರುತ್ತದೆ. ಅಲ್ಲಿ ಇವನ ಚೀಟಿ ಯಾರಿಗೂ ಗೊತ್ತಿರುವುದಿಲ್ಲ.

ಪ್ರಶ್ನೆ: ಅಮೆರಿಕದ ಫ್ಲಾರಿಡಾದಲ್ಲಿದ್ದೇನೆ. ಇಲ್ಲಿ ಮಯಾಮಿಯಲ್ಲಿ ಮಾನಸಿಕ ಕಾಯಿಲೆ ಇರುವ ಆರೋಪಿಗಳನ್ನು ಜೈಲಿನ ಬದಲು ಚಿಕಿತ್ಸೆಗೆ ಕಳಿಸುವ ಕೋರ್ಟು ವ್ಯವಸ್ಥೆಯೇ ಇದೆ. ಕರ್ನಾಟಕದಲ್ಲಿ ಏಕಿಲ್ಲ?

ಉತ್ತರ: ಮಯಾಮಿ-ಡೇಡ್‌ನಲ್ಲಿ ಸ್ಟೀವ್ ಲೈಫ್‌ಮನ್ ಎಂಬ ನ್ಯಾಯಾಧೀಶರು 2000ದಲ್ಲಿ ಶುರುಮಾಡಿದ್ದು ಅದು. ಆದರೆ ಅದರ ಜೀವಾಳ ಕೋರ್ಟಲ್ಲ, ಕಾಯಿಲೆಯವರು ಎದುರಾದಾಗ ಹೇಗೆ ನಡೆದುಕೊಳ್ಳಬೇಕೆಂದು ಪೊಲೀಸರಿಗೆ ಕೊಡುವ 40 ಗಂಟೆಯ ತರಬೇತಿ. ಆ ತರಬೇತಿ ಹುಟ್ಟಿದ್ದು 1988ರಲ್ಲಿ, ಮೆಂಫಿಸ್ ನಗರದಲ್ಲಿ, ಕಾಯಿಲೆಯವನೊಬ್ಬ ಪೊಲೀಸರ ಗುಂಡಿಗೆ ಸತ್ತ ಮೇಲೆ. ಮಯಾಮಿಯಲ್ಲಿ ಬಂಧನ ಎಷ್ಟು ಇಳಿಯಿತೆಂದರೆ ಒಂದು ಜೈಲನ್ನೇ ಮುಚ್ಚಿದರು. ಅಲ್ಲಿ ದೊಡ್ಡ ಆಸ್ಪತ್ರೆಗಳನ್ನು ಮುಚ್ಚಿ ಊರೊಳಗಿನ ಚಿಕಿತ್ಸೆ ಕಟ್ಟದೆ ಬಿಟ್ಟದ್ದರಿಂದ ಜೈಲು ತುಂಬಿತ್ತು ಎಂಬುದನ್ನೂ ಮರೆಯಬೇಡಿ. ನಮ್ಮ ಬಳ್ಳಾರಿಯಲ್ಲಿ 1980ರ ದಶಕದಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ನಿಮ್ಹಾನ್ಸ್ ತರಬೇತಿ ಕೊಟ್ಟಿತು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಅದೇ. ಅಂದರೆ ಕಳಿಸಲು ಜಾಗವಿದೆ. ಠಾಣೆಯಿಂದ ಅಲ್ಲಿಗೆ ರೂಢಿಯ ದಾರಿ ಬಿದ್ದಿಲ್ಲ, ಅಷ್ಟೆ. ನನ್ನನ್ನು ಕೇಳಿದರೆ ಹೊಸ ಕೋರ್ಟಿಗಿಂತ ಮೊದಲು ಆ 40 ಗಂಟೆ ಬರಲಿ.

ಪ್ರಶ್ನೆ: ನಾನು ಕಾನ್‌ಸ್ಟೇಬಲ್. ಬಸ್ ಸ್ಟ್ಯಾಂಡಿನಲ್ಲಿ ಬಟ್ಟೆಯ ಮೇಲೆ ಗಮನವಿಲ್ಲದೆ ತಿರುಗುವ ಹೆಂಗಸನ್ನು ರಾತ್ರಿ ಠಾಣೆಗೆ ಕರೆತಂದೆವು. ಲಾಕಪ್ಪಿನಲ್ಲಿ ಕೂರಿಸಬಹುದೇ?

ಉತ್ತರ: ಕೂಡದು. ‘ಸುರಕ್ಷತೆಗಾಗಿ’ ಎಂದೂ ಕೂಡದು. 2017ರ ಕಾಯ್ದೆಯ 100ನೇ ಕಲಂ ಅವರನ್ನು ನಿಮ್ಮ ರಕ್ಷಣೆಗೆ ಒಪ್ಪಿಸಿದೆ, ಬಂಧನಕ್ಕಲ್ಲ. ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತಲುಪಿಸಬೇಕು. ಮಹಿಳಾ ಸಿಬ್ಬಂದಿ ಜೊತೆಗಿರಲಿ, ಮೊದಲು ಹೊದೆಯಲು ಒಂದು ಸೀರೆಯೋ ಶಾಲೋ ಕೊಡಿ, ಹಸಿವಾಗಿದೆಯೇ ಕೇಳಿ. ಮನೆಮಠ ಗೊತ್ತಿಲ್ಲದವರಾದರೆ ಕಾಣೆಯಾದವರ ಪ್ರಕರಣ ದಾಖಲಿಸಿ ಮನೆಯವರನ್ನು ಹುಡುಕುವುದೂ ಠಾಣಾಧಿಕಾರಿಯ ಕೆಲಸ. ಯಾವ ಆಸ್ಪತ್ರೆ ಎಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಕರೆ ಮಾಡಿ, ಹಗಲು ರಾತ್ರಿ ಸಿಗುತ್ತಾರೆ. ‘ಮನೋವೈದ್ಯರಿಲ್ಲ, ನಾಳೆ ಬನ್ನಿ’ ಎಂದು ಆಸ್ಪತ್ರೆಯಲ್ಲಿ ಹೇಳಿದರೆ, ತಪಾಸಣೆಗೆ ಏರ್ಪಾಟು ಮಾಡುವ ಜವಾಬ್ದಾರಿ ಅಲ್ಲಿನ ವೈದ್ಯಾಧಿಕಾರಿಯದೇ ಎಂದು ಮೆಲ್ಲಗೆ ನೆನಪಿಸಿ, ಎಷ್ಟು ಗಂಟೆಗೆ ಕರೆತಂದಿರಿ ಎಂಬುದನ್ನು ಒ.ಪಿ. ಚೀಟಿಯಲ್ಲೇ ಬರೆಸಿಕೊಳ್ಳಿ.