ಅಂಡಮಾನ್‌ಗೆ ಟಿಕೆಟ್ ಮಾಡೋ ಮುಂಚೆ ಅಮಾವಾಸ್ಯೆ ಯಾವತ್ತು ಅಂತ ನೋಡಿ

ಅಪ್ಪ, ಅಮ್ಮ, ಹೆಂಡತಿ, ಎಂಟು ವರ್ಷದ ಮಗಳ ಜೊತೆ ಡಿಸೆಂಬರ್ ರಜೆಯಲ್ಲಿ ಬೆಂಗಳೂರಿನಿಂದ ಆರು ದಿನ ಅಂಡಮಾನ್‌ಗೆ ಹೊರಟಿದ್ದೀರಿ. ಮನೆಯಲ್ಲಿ ಯಾರಿಗೂ ಈಜು ಬರಲ್ಲ. ಏಜೆಂಟ್ ಉದ್ದದ ಪಟ್ಟಿ ಕೊಟ್ಟಿದ್ದಾರೆ, ಅದರಲ್ಲಿ ಯಾವುದು ಇರಲಿ, ಯಾವುದು ಬೇಡ ಅಂತ ಕೇಳಿದ್ದೀರಿ.

ನನ್ನನ್ನು ಕೇಳಿದರೆ ಅರ್ಧ ಪಟ್ಟಿ ಹೊಡೆದುಹಾಕಿ. ಊಟಿಯಲ್ಲಿ ಟೆಂಪೊ ಟ್ರಾವೆಲರ್ ಹತ್ತಿ ಪಾಯಿಂಟ್ ಪಾಯಿಂಟ್ ಸುತ್ತಿದ ಹಾಗೆ ಅಲ್ಲಿ ಸುತ್ತೋಕಾಗಲ್ಲ. ಬಿಸಿಲು ಎಷ್ಟು ಹೊತ್ತಿಗೆ ಮುಗಿಯುತ್ತೆ, ನೀರು ಯಾವಾಗ ಇಳಿಯುತ್ತೆ, ಇವೆರಡನ್ನು ನೋಡಿಕೊಂಡು ದಿನ ಜೋಡಿಸಬೇಕು. ಏಜೆಂಟ್ ಪಟ್ಟಿಯಲ್ಲಿ ಇವೆರಡೂ ಇರುವುದಿಲ್ಲ.

ಮೊದಲು ಬಿಸಿಲು. ಅಂಡಮಾನ್ ನಮಗಿಂತ ತುಂಬಾ ಪೂರ್ವಕ್ಕಿದೆ, ಆದರೆ ಗಡಿಯಾರ ನಮ್ಮದೇ. ಹಾಗಾಗಿ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಆರರ ಹತ್ತಿರ ಮುಳುಗುವ ಸೂರ್ಯ ಅಲ್ಲಿ ಐದಕ್ಕೇ ಮುಳುಗಿಬಿಡುತ್ತಾನೆ. ರಜೆ ಅಂತ ಎಂಟಕ್ಕೆ ಎದ್ದು, ನಿಧಾನವಾಗಿ ತಿಂಡಿ ತಿಂದು, ಹತ್ತೂವರೆಗೆ ಹೊರಟರೆ ಒಳ್ಳೆಯ ಹೊತ್ತೆಲ್ಲ ಕೈತಪ್ಪಿತು ಅಂತಲೇ ಲೆಕ್ಕ. ಐದೂವರೆಗೆ ಎದ್ದುಬಿಡಿ. ಅಪ್ಪ-ಅಮ್ಮನಿಗೆ ಇದು ಕಷ್ಟವೇ ಅಲ್ಲ, ಅವರು ಹೇಗೂ ಎದ್ದಿರುತ್ತಾರೆ ಅಲ್ವಾ? ಕಷ್ಟ ನಿಮಗೇ.

ಆಮೇಲೆ ನೀರು. ಹ್ಯಾವ್‌ಲಾಕ್ ದ್ವೀಪದ ಪೂರ್ವದ ಕಡೆ, ರೆಸಾರ್ಟ್‌ಗಳು ಸಾಲಾಗಿರುವ ದಡದಲ್ಲಿ, ಇಳಿತದ ಹೊತ್ತಿಗೆ ನೀರು ದೂರ ಹೋಗಿ ಬರೀ ಕಲ್ಲು, ಕೆಸರು ಕಾಣುತ್ತೆ. "ಫೋಟೊದಲ್ಲಿ ನೀಲಿ ಇತ್ತು, ಇಲ್ಲಿ ನೀರೇ ಇಲ್ಲ" ಅಂತ ರಿಸೆಪ್ಷನ್‌ನಲ್ಲಿ ಜಗಳ ಆಡುವವರನ್ನು ನಾನೇ ನೋಡಿದ್ದೇನೆ. ಆರು ಗಂಟೆ ಕಾದರೆ ಅದೇ ಜಾಗದಲ್ಲಿ ಉಬ್ಬರ ಬಂದಿರುತ್ತದೆ. ಉಬ್ಬರ-ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹಾಗಾಗಿ ಹೋದ ತಿಂಗಳು ಹೋಗಿಬಂದ ಸ್ನೇಹಿತರ ಟೈಮಿಂಗ್ ನಿಮಗೆ ಉಪಯೋಗಕ್ಕೆ ಬರಲ್ಲ. ದಿನಾ ರಾತ್ರಿ ರೆಸಾರ್ಟ್‌ನವರನ್ನೋ ದೋಣಿಯವರನ್ನೋ ನಾಳಿನ ಇಳಿತ ಎಷ್ಟು ಹೊತ್ತಿಗೆ ಅಂತ ಕೇಳಿಕೊಳ್ಳಿ.

ಈಗ ತಲೆಬರಹದ ಮಾತಿಗೆ ಬರುತ್ತೇನೆ. ಅಮಾವಾಸ್ಯೆ ದಿನ ಪ್ರಯಾಣ ಬೇಡ ಅಂತ ನಿಮ್ಮ ಅಮ್ಮ ಖಂಡಿತ ಹೇಳುತ್ತಾರೆ. ಅಮಾವಾಸ್ಯೆಗೆ ಮುಂಚೆಯೇ ವಿಮಾನ ಹತ್ತಿ, ಅಮಾವಾಸ್ಯೆ ಹೊತ್ತಿಗೆ ದ್ವೀಪದಲ್ಲಿರಿ. ಮನೆಯಲ್ಲೂ ಜಗಳ ಇಲ್ಲ. ಆ ದಿನಗಳಲ್ಲಿ ಎರಡು ಲಾಭ. ಒಂದು, ಅಮಾವಾಸ್ಯೆ ಮತ್ತು ಹುಣ್ಣಿಮೆಯ ಸುತ್ತಮುತ್ತ ನೀರು ತುಂಬಾ ಕೆಳಗಿಳಿಯುತ್ತದೆ, ಬೇರೆ ದಿನ ಮುಳುಗಿರುವ ಬಂಡೆಗಳೆಲ್ಲ ಹೊರಗೆ ಬರುತ್ತವೆ. ಅಲ್ಲಿ ನೋಡೋಕೆ ಏನಿರುತ್ತೆ ಅಂತ ನೀಲ್ ದ್ವೀಪದ ಮಾತು ಬಂದಾಗ ಹೇಳುತ್ತೇನೆ. ಇನ್ನೊಂದು, ಚಂದ್ರ ಇಲ್ಲದ ರಾತ್ರಿ ಹ್ಯಾವ್‌ಲಾಕ್‌ನಲ್ಲಿ ಕಯಾಕ್ ಅನ್ನುವ ಸಣ್ಣ ದೋಣಿ ಹತ್ತಿದರೆ ಸಮುದ್ರ ಮಿನುಗುವುದನ್ನು ನೋಡಬಹುದು. ನೀರಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಅಲುಗಾಡಿದಾಗ ನೀಲಿ ಬೆಳಕು ಬಿಡುತ್ತವೆ. ಹುಟ್ಟು ಹಾಕಿದ ಕಡೆಯೆಲ್ಲ ಬೆಳಕಿನ ಪುಡಿ ಚೆಲ್ಲಿದಂತಿರುತ್ತದೆ. ಬೆಳದಿಂಗಳಿದ್ದರೆ ಇದು ಸರಿಯಾಗಿ ಕಾಣಲ್ಲ. ಫೋನಿನಲ್ಲೂ ಸರಿಯಾಗಿ ಬರಲ್ಲ, ಸುಮ್ನೆ ಕಣ್ಣಲ್ಲಿ ನೋಡಿ.

ಉಳಿಯುವುದನ್ನು ಹೀಗೆ ಮಾಡಿ: ಮೊದಲ ರಾತ್ರಿ ವಿಮಾನ ಇಳಿಯುವ ಪೋರ್ಟ್ ಬ್ಲೇರ್, ಆಮೇಲೆ ಹ್ಯಾವ್‌ಲಾಕ್ ಎರಡು ರಾತ್ರಿ, ನೀಲ್ ಒಂದು ರಾತ್ರಿ, ಕೊನೆಯ ರಾತ್ರಿ ಮತ್ತೆ ಪೋರ್ಟ್ ಬ್ಲೇರ್. ಹೆಸರು ನೋಡಿ ಗಾಬರಿಯಾಗಬೇಡಿ. 2018ರಲ್ಲಿ ಹ್ಯಾವ್‌ಲಾಕ್ ಸ್ವರಾಜ್ ದ್ವೀಪವಾಯಿತು, ನೀಲ್ ಶಹೀದ್ ದ್ವೀಪವಾಯಿತು, ರಾಸ್ ಐಲ್ಯಾಂಡ್‌ಗೆ ನೇತಾಜಿ ಹೆಸರು ಬಂತು. 2024ರಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ ಆಯಿತು. ಜನ ಇನ್ನೂ ಹಳೇ ಹೆಸರನ್ನೇ ಹೇಳುತ್ತಾರೆ.

ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ಗೆ ವಾಪಸ್ ಬರುವುದಕ್ಕೆ ಕಾರಣವಿದೆ. ಸಮುದ್ರ ಜೋರಾದರೆ ಫೆರ್ರಿ ರದ್ದಾಗುತ್ತದೆ, ವಿಮಾನ ನಿಮಗಾಗಿ ಕಾಯಲ್ಲ. ಡಿಸೆಂಬರ್ ಮೊದಲ ಭಾಗದಲ್ಲಿ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಏಳುವುದು ಹೊಸದೇನಲ್ಲ. ಆದ್ದರಿಂದ ತಿಂಗಳ ಕೊನೆಯ ಕಡೆ ಹೋದಷ್ಟೂ ಒಳ್ಳೆಯದು.

ಪೋರ್ಟ್ ಬ್ಲೇರ್‌ನಲ್ಲಿ ಸೆಲ್ಯುಲರ್ ಜೈಲು ಬಿಡಬೇಡಿ. 1896ರಿಂದ 1906ರವರೆಗೆ ಕಟ್ಟಿದ್ದು. ಮಧ್ಯದ ಗೋಪುರದಿಂದ ಏಳು ಸಾಲು ಹೊರಟಿದ್ದವು, ಈಗ ಉಳಿದಿರುವುದು ಮೂರು. ಒಂದು ಸಾಲಿನ ಕೋಣೆಗಳ ಮುಂದೆ ನಿಂತರೆ ಎದುರಿಗೆ ಕಾಣುವುದು ಇನ್ನೊಂದು ಸಾಲಿನ ಬೆನ್ನು. ಕೈದಿಗೆ ಕೈದಿಯ ಮುಖ ಕಾಣಬಾರದು ಅಂತಲೇ ಹಾಗೆ ಕಟ್ಟಿದ್ದಾರೆ. ಮಗಳನ್ನು ಒಂದು ಕೋಣೆಯೊಳಗೆ ನಿಲ್ಲಿಸಿ ಕಿಟಕಿ ಎಲ್ಲಿದೆ ಅಂತ ಕೇಳಿ. ತುಂಬಾ ಮೇಲೆ, ಕೈಗೆ ಸಿಗದ ಕಡೆ ಇರುತ್ತೆ. ಕೈದಿಗಳಿಂದ ಎಣ್ಣೆ ತೆಗೆಸುತ್ತಿದ್ದ ಗಾಣವನ್ನೂ ತೋರಿಸಿ. ಸಂಜೆಯ ಲೈಟ್ ಅಂಡ್ ಸೌಂಡ್ ಶೋ ಜನರಿಗೆ ತುಂಬಾ ಇಷ್ಟ, ನನಗೆ ಹಗಲಿನ ಜೈಲೇ ಜಾಸ್ತಿ ತಟ್ಟಿತು. ಕೊನೆಯ ದಿನ ಬೆಳಿಗ್ಗೆ ಸಮಯವಿದ್ದರೆ ರಾಸ್‌ಗೆ ದೋಣಿಯಲ್ಲಿ ಹೋಗಿಬನ್ನಿ, ಹತ್ತಿರವೇ ಇದೆ. ಬ್ರಿಟಿಷರ ಚರ್ಚು, ಬಂಗಲೆಗಳ ಗೋಡೆಗಳನ್ನು ಮರದ ಬೇರುಗಳು ಬಿಗಿದುಕೊಂಡಿವೆ. ಜಿಂಕೆಗಳು ಪಕ್ಕದಲ್ಲೇ ಓಡಾಡುತ್ತವೆ. ಮಗಳಿಗೆ ಅಷ್ಟು ಸಾಕು.

ಹ್ಯಾವ್‌ಲಾಕ್‌ನಲ್ಲಿ ರಾಧಾನಗರ ಬೀಚ್ ಎಲ್ಲರ ಪಟ್ಟಿಯಲ್ಲೂ ಇರುತ್ತೆ, ಇರಲೇಬೇಕು. 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದಲ್ಲೇ ಒಳ್ಳೆಯ ಬೀಚ್ ಅಂತ ಬರೆದ ಮೇಲೆ ಹೆಸರಾಯಿತು. ಪಶ್ಚಿಮಕ್ಕೆ ಮುಖ ಮಾಡಿದೆ, ಮೂರೂವರೆಗೆಲ್ಲ ಅಲ್ಲಿರಿ. ಎಚ್ಚರಿಕೆ ಫಲಕ ಇರುವ ಕಡೆ, ಅದರಲ್ಲೂ ತೊರೆ ಬಂದು ಸೇರುವ ಮೂಲೆಗಳಲ್ಲಿ ನೀರಿಗಿಳಿಯಬೇಡಿ. ಅಂಡಮಾನ್‌ನಲ್ಲಿ ಉಪ್ಪುನೀರಿನ ಮೊಸಳೆಗಳಿವೆ, ಇದು ತಮಾಷೆಯ ಮಾತಲ್ಲ.

ದುಡ್ಡು ಖರ್ಚು ಮಾಡುವುದಿದ್ದರೆ ಹ್ಯಾವ್‌ಲಾಕ್‌ನಲ್ಲಿ ಸ್ಕೂಬಾಗೆ, ಅಂದರೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುವುದಕ್ಕೆ, ಮಾಡಿ. ಈಜು ಬರಬೇಕಿಲ್ಲ. ಮೊದಲು ಸೊಂಟದಷ್ಟು ನೀರಿನಲ್ಲಿ ಕೂರಿಸಿ ಬಾಯಿಯಿಂದ ಉಸಿರಾಡುವುದನ್ನು ಕಲಿಸುತ್ತಾರೆ. ಮೊದಲ ಎರಡು ನಿಮಿಷ ಮೂಗಿನಿಂದ ಎಳೆಯೋಕೆ ಹೋಗಿ ಗಾಬರಿಯಾಗುತ್ತೆ, ಆಮೇಲೆ ನಿಮ್ಮ ಉಸಿರಿನ ಸದ್ದೇ ನಿಮಗೆ ಧೈರ್ಯ ಕೊಡುತ್ತೆ. ಕೆಳಗೆ ಹೋಗುತ್ತಾ ಕಿವಿ ಕಟ್ಟಿಕೊಳ್ಳುತ್ತದೆ. ಮೂಗು ಹಿಡಿದು ಮೆಲ್ಲಗೆ ಗಾಳಿ ಊದಿ, ಟಪ್ ಅಂತ ಬಿಡುತ್ತದೆ. ನೋವು ಬರುವವರೆಗೆ ಕಾಯಬೇಡಿ. ಕೈಸನ್ನೆ ಗೊಂದಲ ಮಾಡಿಕೊಳ್ಳಬೇಡಿ: ಹೆಬ್ಬೆರಳು ಮೇಲೆತ್ತಿದರೆ "ಚೆನ್ನಾಗಿದೆ" ಅಲ್ಲ, "ನನ್ನನ್ನು ಮೇಲಕ್ಕೆ ಕರ್ಕೊಂಡ್ ಹೋಗಿ" ಅಂತ. ಖುಷಿಯಲ್ಲಿ ಹೆಬ್ಬೆರಳು ತೋರಿಸಿ ಅರ್ಧಕ್ಕೇ ಮೇಲೆ ಬಂದವರು ತುಂಬಾ ಜನ. ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಿದರೆ ಎಲ್ಲ ಸರಿ ಅಂತ ಅರ್ಥ. ಡೈವ್ ಆದ ಮೇಲೆ ಕಡಿಮೆ ಅಂದರೂ 18 ಗಂಟೆ ವಿಮಾನ ಹತ್ತಬಾರದು. ಮೇಲೆ ಹೇಳಿದ ಹಾಗೆ ಹ್ಯಾವ್‌ಲಾಕ್ ಮುಗಿಸಿ ನೀಲ್‌ಗೆ ಹೋದರೆ ಆ ಅಂತರ ತಾನಾಗೇ ಸಿಗುತ್ತೆ.

ಸಾಮಾನ್ಯವಾಗಿ ಹತ್ತು ವರ್ಷ ತುಂಬದ ಮಕ್ಕಳನ್ನು ಸ್ಕೂಬಾಗೆ ಬಿಡಲ್ಲ. ಅಪ್ಪನಿಗೆ ಬಿಪಿ, ಆಸ್ತಮಾ ಏನಾದರೂ ಇದ್ದರೆ ಇಲ್ಲೇ ಡಾಕ್ಟರ್ ಹತ್ತಿರ ಕೇಳಿಕೊಂಡು ಹೋಗಿ, ಅಲ್ಲಿ ಫಾರ್ಮ್‌ನಲ್ಲಿ ಸುಳ್ಳು ಬರೆಯಬೇಡಿ. ಮಗಳಿಗೆ ಹ್ಯಾವ್‌ಲಾಕ್‌ನ ಎಲಿಫೆಂಟ್ ಬೀಚ್‌ನಲ್ಲಿ ಲೈಫ್ ಜಾಕೆಟ್ ಹಾಕಿಸಿ ಸ್ನಾರ್ಕೆಲಿಂಗ್ ಮಾಡಿಸಿ, ಅಂದರೆ ನೀರಿನ ಮೇಲೆ ತೇಲುತ್ತಾ ಕೊಳವೆಯಿಂದ ಉಸಿರಾಡಿಕೊಂಡು ಕೆಳಗೆ ನೋಡುವುದು. ಅಮ್ಮನಿಗೆ ನೀರೇ ಬೇಡ ಅನಿಸಿದರೆ ನೀಲ್‌ನ ಭರತ್‌ಪುರ ಬೀಚ್‌ನಲ್ಲಿ ಗಾಜಿನ ತಳದ ದೋಣಿ ಇದೆ, ಸೀರೆ ನೆನೆಯದೆ ಹವಳ ನೋಡಬಹುದು.

ನೀಲ್ ನನಗೆ ಹ್ಯಾವ್‌ಲಾಕ್‌ಗಿಂತ ಇಷ್ಟ. ಸಣ್ಣ ದ್ವೀಪ, ತರಕಾರಿ ತೋಟಗಳು. ಪೂರ್ವ ಬಂಗಾಳದಿಂದ ಬಂದು ನೆಲೆಸಿದವರ ಮನೆಗಳೇ ಜಾಸ್ತಿ. ಅಲ್ಲಿ ಹೌರಾ ಬ್ರಿಡ್ಜ್ ಅಂತ ಕರೆಯುವ ಕಲ್ಲಿನ ಕಮಾನು ಇದೆ. ಎಲ್ಲರೂ ಕಮಾನಿನ ಕೆಳಗೆ ಫೋಟೊ ತೆಗೆದು ಹೊರಟುಬಿಡುತ್ತಾರೆ. ನೀವು ಕೆಳಗೆ ನೋಡಿ. ನೀರು ಇಳಿದಾಗ ಬಂಡೆಯ ಗುಂಡಿಗಳಲ್ಲಿ ಒಂದಿಷ್ಟು ನೀರು ನಿಂತಿರುತ್ತದೆ, ಅದರಲ್ಲಿ ಬಣ್ಣಬಣ್ಣದ ಸಣ್ಣ ಮೀನು, ಏಡಿ, ಕಪ್ಪಗೆ ಉದ್ದಕ್ಕೆ ಬಿದ್ದುಕೊಂಡಿರುವ ಸಮುದ್ರ ಸೌತೆ ಅನ್ನುವ ಜೀವಿ, ಒಮ್ಮೊಮ್ಮೆ ನಕ್ಷತ್ರ ಮೀನು. ಗೈಡ್ ಎತ್ತಿ ಕೈಗೆ ಕೊಡೋಕೆ ಬಂದರೂ ಬೇಡ ಅನ್ನಿ, ಅವಕ್ಕೆ ಹಿಂಸೆ. ಬಂಡೆ ಜಾರುತ್ತದೆ, ಹವಳದ ಚೂರು ಚುಚ್ಚುತ್ತದೆ. ಹವಾಯಿ ಚಪ್ಪಲಿ ನಡೆಯಲ್ಲ, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಬೇಕು. ಇಳಿತದ ಹೊತ್ತು ಕೇಳಿಕೊಂಡು ಹೋಗಿ ಅಂದಿದ್ದು ಮುಖ್ಯವಾಗಿ ಇದಕ್ಕೇ.

ಪಟ್ಟಿಯಲ್ಲಿ ಬಾರಾಟಾಂಗ್ ದ್ವೀಪ ಇದ್ದರೆ ಬಿಡಿ. ಸುಣ್ಣಕಲ್ಲಿನ ಗುಹೆ, ಮ್ಯಾಂಗ್ರೋವ್ ಮಧ್ಯೆ ದೋಣಿ, ಕೆಸರಿನ ಜ್ವಾಲಾಮುಖಿ ಚೆನ್ನಾಗಿಯೇ ಇವೆ. ಆದರೆ ನಡುರಾತ್ರಿ ಕಳೆದ ಮೇಲೆ ಎದ್ದು ಹೊರಟು, ಚೆಕ್‌ಪೋಸ್ಟ್‌ನಲ್ಲಿ ಗಾಡಿಗಳೆಲ್ಲ ಒಟ್ಟಿಗೆ ಸಾಲಾಗಿ ಹೊರಡುವ ಕಾನ್ವಾಯ್‌ಗೆ ಕಾದು, ಇಡೀ ದಿನ ಗಾಡಿಯಲ್ಲಿ ಕೂತು ಬರಬೇಕು. ವಯಸ್ಸಾದವರು, ಮಗು ಇರುವಾಗ ಯಾಕೆ ಬೇಕು? ಇನ್ನೊಂದು ವಿಷಯ ಇದೆ. ಆ ರಸ್ತೆ ಜಾರವಾ ಬುಡಕಟ್ಟಿನವರ ಮೀಸಲು ಕಾಡಿನ ಒಳಗೆ ಹೋಗುತ್ತದೆ. ಅವರ ಫೋಟೊ ತೆಗೆಯುವುದು, ಗಾಡಿ ನಿಲ್ಲಿಸುವುದು, ತಿಂಡಿ ಕೊಡುವುದು ಎಲ್ಲವೂ ನಿಷೇಧ. ಆದರೂ "ಅದೃಷ್ಟ ಇದ್ದರೆ ಕಾಣಿಸ್ತಾರೆ ಸರ್" ಅಂತ ಟ್ರಿಪ್ ಮಾರುವವರಿದ್ದಾರೆ. ಮನುಷ್ಯರನ್ನು ಬಂಡೀಪುರದ ಸಫಾರಿಯಲ್ಲಿ ಹುಲಿ ಹುಡುಕಿದ ಹಾಗೆ ಹುಡುಕುವುದು ನನಗಂತೂ ಸರಿ ಕಾಣಲ್ಲ.

ಇನ್ನು ಸಣ್ಣಪುಟ್ಟದ್ದು. ಫೆರ್ರಿ ಹತ್ತುವ ಅರ್ಧ ಗಂಟೆ ಮುಂಚೆ ವಾಂತಿ ಮಾತ್ರೆ, ಸೀಟು ಮಧ್ಯದಲ್ಲಿ ಕೆಳಗಿನ ಅಂತಸ್ತಿನಲ್ಲಿ. 2020ರಲ್ಲಿ ಚೆನ್ನೈನಿಂದ ಸಮುದ್ರದಡಿ ಕೇಬಲ್ ಬಂದ ಮೇಲೆ ನೆಟ್‌ವರ್ಕ್ ಎಷ್ಟೋ ವಾಸಿ, ಆದರೂ ಸಣ್ಣ ದ್ವೀಪಗಳಲ್ಲಿ ಯುಪಿಐ ನಂಬಿಕೊಂಡು ಕೂರಬೇಡಿ, ನೋಟು ಇಟ್ಟುಕೊಳ್ಳಿ. ಪೋರ್ಟ್ ಬ್ಲೇರ್‌ನಲ್ಲಿ ತಮಿಳರು ತುಂಬಾ ಇದ್ದಾರೆ, ಇಡ್ಲಿ-ದೋಸೆಗೆ ಬರವಿಲ್ಲ. ದ್ವೀಪಗಳಲ್ಲಿ ಮೀನಿನ ಊಟ ಚೆನ್ನಾಗಿರುತ್ತೆ. ಸಸ್ಯಾಹಾರಿಗಳಿಗೆ ಅನ್ನ, ಬೇಳೆ, ಆಲೂಗಡ್ಡೆ ಪಲ್ಯ ಮತ್ತೆ ಮತ್ತೆ ಬರುತ್ತದೆ, ಅಮ್ಮನ ಚಟ್ನಿಪುಡಿ ಡಬ್ಬ ಬ್ಯಾಗಿನಲ್ಲಿರಲಿ. ಮಗಳು ದಡದಲ್ಲಿ ಚಿಪ್ಪು, ಹವಳದ ಚೂರು ಆರಿಸುತ್ತಾಳೆ. ಆಡಿದ ಮೇಲೆ ಅಲ್ಲೇ ಬಿಡಿಸಿ. ಹವಳ ತರುವುದು ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ವಿಮಾನ ನಿಲ್ದಾಣದ ಸ್ಕ್ಯಾನರ್‌ನಲ್ಲಿ ಸಿಕ್ಕಿಬೀಳುತ್ತೆ.

ಒಂದು ವೇಳೆ ಡಿಸೆಂಬರ್ ವಿಮಾನದ ದರ ನೋಡಿ ತಲೆ ತಿರುಗಿದರೆ, ಸ್ಕೂಬಾ ಒಂದೇ ಆಸೆ ಇದ್ದರೆ, ಮುರುಡೇಶ್ವರಕ್ಕೆ ರೈಲು ಹತ್ತಿ. ಅಲ್ಲಿಂದ ನೇತ್ರಾಣಿ ದ್ವೀಪಕ್ಕೆ ದೋಣಿಯಲ್ಲಿ ಕರೆದುಕೊಂಡು ಹೋಗಿ ಡೈವ್ ಮಾಡಿಸುತ್ತಾರೆ. ನೀರು ಅಂಡಮಾನ್‌ನಷ್ಟು ತಿಳಿ ಇರಲ್ಲ, ಮೀನು ಮಾತ್ರ ಬೇಕಾದಷ್ಟು.