ಮೂರು ನಿಮಿಷದ ಝಿಂಝೋಟಿಯಿಂದ ಶುರು ಮಾಡಿ

ನೀವು ಕೇಳಿದ್ದು ಎರಡು ಮಾತು. ಹಿಂದೂಸ್ತಾನಿ ಗಾಯನದ ಹಳೆಯ ರೆಕಾರ್ಡಿಂಗುಗಳಲ್ಲಿ ನಮ್ಮ ಅಚ್ಚುಮೆಚ್ಚಿನವು ಯಾವುವು ಅಂತ ಒಂದು. 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು) ಕಾಲದ ಗರಗರ ಗ್ರಾಮಫೋನ್ ಪ್ಲೇಟುಗಳ ಗೊಡವೆ ಯಾಕೆ, ಒಂದೊಂದು ಗಂಟೆಯ ಕಛೇರಿಗಳನ್ನೇ ನೇರವಾಗಿ ಕೇಳಬಾರದೇ ಅಂತ ಇನ್ನೊಂದು. ನಾನು ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನವನು. ಮನೆಮಾತು ಕನ್ನಡ, ಪೇಟೆಗೂ ಸಂಗೀತಕ್ಕೂ ಮಿರಜ. ಹಾಡುವವನಲ್ಲ, ಬರೀ ಕೇಳುವವನು. ನನ್ನ ಮಟ್ಟಿಗೆ ಉತ್ತರ ಸ್ಪಷ್ಟ: ಆ ಗರಗರದಿಂದಲೇ ಶುರು ಮಾಡಿ, ಅದರಲ್ಲೂ ಅಬ್ದುಲ್ ಕರೀಂ ಖಾನರು ಝಿಂಝೋಟಿ ರಾಗದಲ್ಲಿ ಹಾಡಿದ ‘ಪಿಯಾ ಬಿನ್ ನಹೀ ಆವತ ಚೈನ್’ ಎಂಬ ಠುಮರಿಯಿಂದ (ಭಾವಕ್ಕೆ ಒತ್ತು ಕೊಡುವ ಲಘು ಹಾಡು).

ಹತ್ತು ಇಂಚಿನ ಪ್ಲೇಟಿನ ಒಂದು ಬದಿಯಲ್ಲಿ ಹಿಡಿಯುತ್ತಿದ್ದದ್ದು ಮೂರು ನಿಮಿಷದ ಮೇಲೆ ಚೂರುಪಾರು. ರಾತ್ರಿಯಿಡೀ ಹಾಡಿ ರೂಢಿಯಿದ್ದ ಗವಾಯಿಗೆ ಅಷ್ಟರಲ್ಲಿ ರಾಗವನ್ನು ಹಬ್ಬಿಸಲು ಜಾಗವೇ ಇಲ್ಲ. ಹಾಗಾಗಿ ಏನನ್ನು ಬಿಡಬೇಕು, ಏನನ್ನು ಇಟ್ಟುಕೊಳ್ಳಬೇಕು ಎಂದು ಮೊದಲೇ ತೀರ್ಮಾನಿಸಿ ಹಾಡಬೇಕಾಗಿತ್ತು. ಝಿಂಝೋಟಿಯ ಗುರುತು ಕೆಳಗಿನ ಧೈವತದಿಂದ ಏಳುವ ಧ ಸ ರಿ ಮ ಗ ಎಂಬ ನಡೆ. ಈ ಪ್ಲೇಟು ಕೇಳುವ ಮೊದಲು ಆ ಐದು ಸ್ವರಗಳನ್ನು ಹಾರ್ಮೋನಿಯಂ ಮೇಲೋ ಫೋನಿನ ಕೀಬೋರ್ಡಿನ ಮೇಲೋ ಒಮ್ಮೆ ಒತ್ತಿ ನೋಡಿ. ಆಮೇಲೆ ಖಾನಸಾಹೇಬರನ್ನು ಕೇಳಿದರೆ, ನೀವು ಒತ್ತಿದ ಸ್ವರಗಳ ನಡುವೆ ಎಷ್ಟು ಜಾಗವಿದೆ, ಆ ಜಾಗದಲ್ಲಿ ಅವರು ಎಷ್ಟು ನಿಧಾನ ಓಡಾಡುತ್ತಾರೆ ಎಂಬುದು ಕಿವಿಗೆ ತಾನಾಗಿ ಹತ್ತುತ್ತದೆ. ಒಂದು ಗಂಟೆಯ ಕಛೇರಿಯಲ್ಲಿ ಹೊಸ ಕೇಳುಗನ ಗಮನ ಹತ್ತು ಕಡೆ ಹರಿಯುತ್ತದೆ. ಮೂರು ನಿಮಿಷವನ್ನು ಒಂದೇ ದಿನ ಹತ್ತು ಸಲ ಕೇಳಬಹುದು, ಬಾಯಿಪಾಠ ಆಗುವವರೆಗೂ ಕೇಳಬಹುದು.

ಹುಡುಗ ಭೀಮಸೇನ ಜೋಶಿಯವರನ್ನು ಸಂಗೀತದ ಬೆನ್ನು ಹತ್ತಿಸಿದ್ದು ಇದೇ ಹಾಡು ಎಂದು ಅವರೇ ಹೇಳಿಕೊಂಡಿದ್ದಾರೆ. ಮುಂದೆ ಅವರು ಕಲಿತದ್ದು ಖಾನಸಾಹೇಬರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರ ಹತ್ತಿರ. ಆದ್ದರಿಂದ ಝಿಂಝೋಟಿ ಆದಮೇಲೆ ಭೈರವಿಯ ‘ಜಮುನಾ ಕೆ ತೀರ’ ಹಿಡಿಯಿರಿ. ಮೊದಲು ಖಾನಸಾಹೇಬರದು, ಅದರ ಬೆನ್ನಿಗೇ ಭೀಮಸೇನರದು. ಗುರುವಿನ ಗುರು ತೆಳುವಾದ, ಏರುಶ್ರುತಿಯ ದನಿಯಲ್ಲಿ ಸ್ವರವನ್ನು ಸವರಿ ಹೋದ ಜಾಗದಲ್ಲಿ ಮೊಮ್ಮಗ ಶಿಷ್ಯ ತುಂಬುಗಂಟಲಲ್ಲಿ ಬಂದು ನಿಲ್ಲುತ್ತಾರೆ. ಘರಾಣೆ (ಗುರುಶಿಷ್ಯರ ಪರಂಪರೆಯಲ್ಲಿ ಬೆಳೆದ ಹಾಡಿಕೆಯ ಶೈಲಿ) ಅಂದರೆ ಏನು ಎಂದು ಪುಸ್ತಕ ಓದಿ ತಿಳಿದುಕೊಳ್ಳುವುದಕ್ಕಿಂತ ಈ ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳುವುದು ಲೇಸು.

ಅಕ್ಕಲಕೋಟ ಕಡೆಯ ನನ್ನ ಗೆಳೆಯರೊಬ್ಬರು ಇದನ್ನು ಒಪ್ಪುವುದಿಲ್ಲ. ನಮ್ಮದು ಮೊದಲು ಕ್ಯಾಸೆಟ್, ಆಮೇಲೆ ಪೆನ್‌ಡ್ರೈವ್, ಈಗ ವಾಟ್ಸಾಪ್‌ನಲ್ಲಿ ರೆಕಾರ್ಡಿಂಗ್ ಹಂಚಿಕೊಳ್ಳುವ ಹಳೆಯ ಬಳಗ. “ಏನ್ರೀ, ಬಡಾ ಖ್ಯಾಲ್ ಇಲ್ದ ರಾಗ ಹ್ಯಾಂಗ ತಿಳೀತೈತಿ? ಮೂರು ಮಿನಿಟಿನಾಗ ತಂಬೂರಿ ಕಿವಿಗೆ ಕೂಡೂದಿಲ್ಲ” ಅನ್ನುತ್ತಾರೆ. ಬಡಾ ಖ್ಯಾಲ್ ಅಂದರೆ ರಾಗವನ್ನು ನಿಧಾನವಾಗಿ ಬೆಳೆಸುವ ದೊಡ್ಡ ಹಾಡಿಕೆ. ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ. ವಿಲಂಬಿತದಲ್ಲಿ, ಅಂದರೆ ನಿಧಾನ ಲಯದಲ್ಲಿ, ತಾಳದ ಮೊದಲ ಪೆಟ್ಟಾದ ಸಮ್ಮಿಗೆ ಕಾಯುವ ಸುಖ ಪ್ಲೇಟಿನಲ್ಲಿ ಸಿಗುವುದಿಲ್ಲ. ಆದರೆ ಕಾಯಲು ಕಲಿಯುವ ಮೊದಲು ಯಾವುದಕ್ಕೆ ಕಾಯುತ್ತಿದ್ದೇವೆ ಎಂಬುದು ಗೊತ್ತಿರಬೇಕಲ್ಲ, ಅದನ್ನು ಪ್ಲೇಟು ಕೊಡುತ್ತದೆ.

ತಂಬೂರಿಯ ಮಾತು ಬಂತು, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಳೆಯ ಪ್ಲೇಟುಗಳ ಬಗ್ಗೆ ಜನರಿಗೆ ಬೇಸರ ಬರಲು ಗರಗರ ಅರ್ಧ ಕಾರಣ, ಅದನ್ನು ತೆಗೆಯಲು ಹೋದವರ ಕೈವಾಡ ಇನ್ನರ್ಧ. ಮಿರಜಿನಲ್ಲಿ ಸಿತಾರು, ತಂಬೂರಿ ಮಾಡುವ ಮನೆತನಗಳ ಓಣಿ ಇದೆ. ಅವರ ವಾದ್ಯಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಬುರುಡೆಗೆ ಬೇಕಾದ ಸೋರೆ ಪಂಢರಪುರದ ಕಡೆಯಿಂದ ಬರುತ್ತದೆ. ಅಲ್ಲಿ ಒಬ್ಬ ಕಸುಬುದಾರ ಜವಾರಿ (ತಂತಿಯ ಝೇಂಕಾರ) ತೆಗೆಯುವುದನ್ನು ಹತ್ತಿರ ಕೂತು ನೋಡಿ. ತಂತಿ ಕೂರುವ ಕುದುರೆಯ ಮೇಲ್ಮೈಯನ್ನು ಅರದಿಂದ ಒಂದಿಷ್ಟೇ ಉಜ್ಜುತ್ತಾನೆ, ತಂತಿ ಮೀಟುತ್ತಾನೆ, ತಲೆ ವಾಲಿಸಿ ಕೇಳುತ್ತಾನೆ, ಮತ್ತೆ ಉಜ್ಜುತ್ತಾನೆ. ಕೊನೆಗೆ ತಂತಿಗೂ ಕುದುರೆಗೂ ನಡುವೆ ನೂಲಿನ ಎಳೆಯನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿದಾಗ ಮೊಂಡಾಗಿದ್ದ ದನಿ ಒಮ್ಮೆಲೇ ಅರಳಿ ಝೇಂಕರಿಸುತ್ತದೆ. ಖಾನಸಾಹೇಬರ ಕಿರಾಣಾ ಘರಾಣೆಯ ಗಾಯಕರು ಹಾಡುವುದು ಆ ಝೇಂಕಾರದ ಒಳಗೆ ಕೂತು. ಈಗ ಕೆಲವರು ಕಂಪ್ಯೂಟರಿನಲ್ಲಿ ಗರಗರ ಅಳಿಸುವಾಗ ಮೇಲಿನ ಕಂಪನಗಳನ್ನೂ ಸೇರಿಸಿ ಅಳಿಸಿಬಿಡುತ್ತಾರೆ. ಮೊದಲೇ ಮಸುಕಾಗಿದ್ದ ತಂಬೂರಿ ಪೂರ್ತಿ ಹೋಗುತ್ತದೆ, ದನಿ ಹತ್ತಿಯಲ್ಲಿ ಸುತ್ತಿಟ್ಟಂತೆ ಆಗುತ್ತದೆ. ಆದ್ದರಿಂದ ಆನ್‌ಲೈನಿನಲ್ಲಿ ಒಂದೇ ಹಾಡಿನ ಹಲವು ಪ್ರತಿ ಸಿಕ್ಕರೆ ಗರಗರ ಇರುವುದನ್ನೇ ಆರಿಸಿಕೊಳ್ಳಿ. ನಾಲ್ಕು ದಿನದಲ್ಲಿ ಕಿವಿ ಆ ಸದ್ದನ್ನು ತಾನೇ ಬದಿಗಿಡುತ್ತದೆ.

ಇನ್ನೊಂದು ವಿಷಯ ವೇಗ. ಪ್ಲೇಟನ್ನು ತುಸು ಜೋರಾಗಿ ತಿರುಗಿಸಿ ನಕಲು ಮಾಡಿದ್ದರೆ ಲಯ ಓಡುತ್ತದೆ, ಶ್ರುತಿಯೂ ಏರುತ್ತದೆ. ಖಾನಸಾಹೇಬರ ಶ್ರುತಿ ಮೊದಲೇ ಮೇಲಿನದು, ಅದರ ಮೇಲೆ ಇದೂ ಸೇರಿದರೆ ದನಿ ಕೀರಲಾಗಿ ಕೇಳುತ್ತದೆ. ಅಂಥ ಒಂದು ಪ್ರತಿ ಕೇಳಿ “ಇವರದೇನು ಇಷ್ಟು ಹೆಸರು” ಎಂದು ಕೈಬಿಟ್ಟವರನ್ನು ನಾನು ಬಲ್ಲೆ. ಎರಡು ಮೂರು ಪ್ರತಿ ಹಾಕಿ ನೋಡಿ, ದನಿ ಮನುಷ್ಯರ ದನಿಯಂತೆ ಕೇಳುವುದನ್ನು ಇಟ್ಟುಕೊಳ್ಳಿ.

ಖಾನಸಾಹೇಬರದೇ ಇನ್ನೊಂದು ಪ್ಲೇಟು ಗಡಿಯವರಾದ ನಮಗೆ ವಿಶೇಷ: ತ್ಯಾಗರಾಜರ ‘ರಾಮ ನೀ ಸಮಾನಮೆವರು’, ಖರಹರಪ್ರಿಯ ರಾಗ. ಉತ್ತರದ ಕೈರಾನದಲ್ಲಿ ಹುಟ್ಟಿ, ಮಿರಜಿನಲ್ಲಿ ನೆಲೆಸಿ, ಮೈಸೂರು ಅರಮನೆಯಲ್ಲಿ ಹಾಡಿ, ಕರ್ನಾಟಕ ಸಂಗೀತದ ಕೃತಿಯನ್ನು ತಮ್ಮ ಗಂಟಲಿಗೆ ಒಗ್ಗಿಸಿಕೊಂಡವರು ಅವರು. ಕರ್ನಾಟಕ ಸಂಗೀತದ ಪಂಡಿತರು ಅದರಲ್ಲಿ ತಪ್ಪು ಹುಡುಕಬಹುದು. ನನಗೆ ಅದರಲ್ಲಿ ಕೇಳಿಸುವುದು ಕಲಿಯುವ ಹಸಿವು. 1937ರಲ್ಲಿ ಮದ್ರಾಸಿನಿಂದ ಪಾಂಡಿಚೇರಿಗೆ ಹೋಗುವ ದಾರಿಯಲ್ಲಿ ಸಿಂಗಪೆರುಮಾಳ್ ಕೋಯಿಲ್ ರೈಲು ನಿಲ್ದಾಣದಲ್ಲಿ ಅವರು ತೀರಿಕೊಂಡರು. ಸಮಾಧಿ ಮಿರಜಿನ ಮೀರಾಸಾಹೇಬ ದರ್ಗಾದ ಆವರಣದಲ್ಲಿದೆ. ಅಲ್ಲಿ ಪ್ರತಿವರ್ಷ ಉರುಸಿನ ಹೊತ್ತಿಗೆ ಸಂಗೀತ ಸಭೆ ನಡೆಯುತ್ತದೆ, ನಮ್ಮ ಬಳಗ ಸೇರುವುದೂ ಅಲ್ಲೇ.

ಪ್ಲೇಟುಗಳ ಕಾಲ ಮಾತ್ರವೇ ಕಾಲ ಎಂಬ ಹಟ ನನಗಿಲ್ಲ. ಮಲ್ಲಿಕಾರ್ಜುನ ಮನಸೂರರ ವಿಷಯದಲ್ಲಿ ನನ್ನ ಅಭಿಪ್ರಾಯ ತೀರ ಉಲ್ಟಾ. ಅವರೂ ಎಳವೆಯಲ್ಲಿ ಪ್ಲೇಟು ಕೊಟ್ಟವರೇ, ಹಿಂದೂಸ್ತಾನಿ ಪಾಠ ಶುರುವಾದದ್ದೂ ಮಿರಜದ ನೀಲಕಂಠಬುವಾ ಅವರ ಹತ್ತಿರವೇ. ಆದರೆ ಅವರನ್ನು ಅರವತ್ತು ದಾಟಿದ ಮೇಲಿನ ಕಛೇರಿಗಳಲ್ಲೇ ಕೇಳಬೇಕು. ಆಲಾಪದ ಪೀಠಿಕೆ ಇಲ್ಲದೆ ನೇರ ಚೀಜಿಗೆ, ಅಂದರೆ ಕಟ್ಟಿದ ಹಾಡಿಗೆ, ಇಳಿಯುತ್ತಾರೆ, ಒಂದು ತಾನ (ಸ್ವರಗಳ ವೇಗದ ಸರಣಿ) ಮುಗಿಯಿತು ಅನ್ನುವಷ್ಟರಲ್ಲಿ ಅದರ ಬಾಲದಿಂದಲೇ ಇನ್ನೊಂದು ಹುಟ್ಟಿರುತ್ತದೆ. ಶಿವಮತ ಭೈರವ, ಏಕ ನಿಷಾದ ಬಿಹಾಗಡಾ ಎರಡೂ ರಾಗ ಸಿಗುತ್ತವೆ, ಬಿಡಬೇಡಿ. ಬ್ರಜಭಾಷೆಯ ಸಾಹಿತ್ಯ ತೊಡಕಾದರೆ ಅವರೇ ಹಾಡಿದ ಅಕ್ಕಮಹಾದೇವಿಯ ‘ಅಕ್ಕ ಕೇಳವ್ವಾ’ ವಚನದಿಂದ ಒಳಗೆ ಹೋಗಿ. ಅರ್ಥ ಗೊತ್ತಿರುವ ಮಾತನ್ನು ಸ್ವರ ಹೇಗೆ ಎತ್ತಿ ನಡೆಸುತ್ತದೆ ಎಂಬುದು ಅಲ್ಲಿ ಕನ್ನಡದ ಕಿವಿಗೆ ಸುಲಭವಾಗಿ ತಿಳಿಯುತ್ತದೆ.

ಗಂಗೂಬಾಯಿ ಹಾನಗಲ್ಲರನ್ನು ಎರಡೂ ತುದಿಯಿಂದ ಕೇಳಿ. ಎಳವೆಯ ಪ್ಲೇಟುಗಳಲ್ಲಿ ಸಣ್ಣ, ಚೂಪಾದ ಹೆಣ್ಣುದನಿ. ಗಂಟಲಿನ ಚಿಕಿತ್ಸೆಯಾದ ಮೇಲೆ ಬಂದದ್ದು ನಾವೆಲ್ಲ ಬಲ್ಲ ಆ ಭಾರದ ದನಿ. ದನಿಯೇ ಬದಲಾದಾಗ ಹಾಡಿಕೆಯನ್ನು ಬುಡದಿಂದ ಹೊಸದಾಗಿ ಕಟ್ಟಿಕೊಂಡ ಗಟ್ಟಿತನಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಕೊನೆಗಾಲದ ಕಛೇರಿಗಳಲ್ಲಿ ಹಿಂದೆ ಕೂತ ಮಗಳು ಕೃಷ್ಣಾ ಹಾನಗಲ್ಲರಿಗೂ ಕಿವಿಗೊಡಿ. ತಾಯಿ ಉಸಿರು ತೆಗೆದುಕೊಳ್ಳುವಲ್ಲಿ ಅವರು ಎಳೆ ಕಡಿಯದಂತೆ ಹಿಡಿದಿರುತ್ತಾರೆ.

ಸದ್ಯಕ್ಕೆ ನಿಮಗೆ ಇಷ್ಟು ಸಾಕು. ಝಿಂಝೋಟಿ ಕೇಳಿದ ಮೇಲೆ ಯಾವ ಪ್ರತಿ ಇಟ್ಟುಕೊಂಡಿರಿ ಎಂದು ಇಲ್ಲೇ ಕೆಳಗೆ ಬರೆಯಿರಿ. ನನ್ನ ಹತ್ತಿರ ಇರುವುದಕ್ಕಿಂತ ಒಳ್ಳೆಯ ಪ್ರತಿ ಸಿಕ್ಕಿದ್ದರೆ ಅದನ್ನು ನಮ್ಮ ಬಳಗಕ್ಕೂ ಮುಟ್ಟಿಸುತ್ತೇನೆ.