ಪಿಸ್ಟನ್ ಹಿಡಿದುಕೊಂಡಿದೆಯಾ? ಹಳೆಯ ಪಿಸ್ಟನ್ನನ್ನೇ ಕೇಳಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಹಿಮದ ಮೇಲೆ ಓಡುವ ಸ್ನೋಮೊಬೈಲ್‌ನವು. ಅದರಲ್ಲೂ ಟೂ ಸ್ಟ್ರೋಕ್ ಇಂಜಿನ್ ಸೀಜ್ ಆದ, ಅಂದರೆ ಪಿಸ್ಟನ್ ಸಿಲಿಂಡರ್‌ಗೆ ಕಚ್ಚಿಕೊಂಡು ನಿಂತ ಗೋಳು. ಬೇರೆ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟು ಇವನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನನ್ನದು ಎರಡು ಸಿಲಿಂಡರಿನ, ಕಾರ್ಬೊರೇಟರ್ ಇರುವ, ನೀರಿನಿಂದ ತಂಪಾಗುವ ಹಳೆಯ ಗಾಡಿ. ಹೆಪ್ಪುಗಟ್ಟಿದ ಸರೋವರದ ಮೇಲೆ ಐದಾರು ನಿಮಿಷ ಪೂರ್ತಿ ಥ್ರಾಟಲ್ ಕೊಟ್ಟು ಹೋಗುತ್ತಿದ್ದೆ. ಸೊನ್ನೆಗಿಂತ 25 ಡಿಗ್ರಿ ಕೆಳಗಿನ ಚಳಿ, ಕೆಳಗೆ ಬರೀ ಮಂಜುಗಡ್ಡೆ, ಹಿಮ ಕಮ್ಮಿ. ಇದ್ದಕ್ಕಿದ್ದ ಹಾಗೆ ಯಾರೋ ಬ್ರೇಕ್ ಒತ್ತಿದಂತೆ ಎಳೆದು ಇಂಜಿನ್ ನಿಂತಿತು. ಸ್ಟಾರ್ಟ್ ಮಾಡುವ ಹಗ್ಗ ಎಳೆದರೆ ಅಲ್ಲಾಡಲಿಲ್ಲ. ಅರ್ಧ ಗಂಟೆ ಬಿಟ್ಟು ಎಳೆದಾಗ ತಿರುಗಿತು, ಸ್ಟಾರ್ಟೂ ಆಯಿತು, ಮೆಲ್ಲಗೆ ಮನೆಗೆ ಬಂದೆ. ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ಒಂದರಲ್ಲಿ 120, ಇನ್ನೊಂದರಲ್ಲಿ 115 ಪಿ.ಎಸ್.ಐ. ಇದೆ. ಏನೂ ಆಗಿಲ್ಲ, ಓಡಿಸು ಅಂತ ಗೆಳೆಯ ಹೇಳ್ತಾನೆ. ಓಡಿಸಬಹುದಾ?

ಉತ್ತರ: ಬೇಡ. ನಿಮ್ಮ ಗೆಳೆಯರು ಗೇಜ್ ನಂಬಿ ಮಾತಾಡುತ್ತಿದ್ದಾರೆ. ಆದರೆ ಆ ಗೇಜ್ ಹೇಳುವುದು ಪಿಸ್ಟನ್ ಸುತ್ತ ಕೂತ ರಿಂಗ್‌ಗಳ ಸುದ್ದಿ ಮಾತ್ರ, ಪಿಸ್ಟನ್‌ನ ಮೈ ಹೇಗಿದೆ ಅಂತ ಅದಕ್ಕೆ ಗೊತ್ತಿಲ್ಲ.

ನಿಮಗಾಗಿದ್ದು ಇದು. ಪಿಸ್ಟನ್‌ಗೂ ಸಿಲಿಂಡರ್‌ಗೂ ನಡುವೆ ಇರುವ ಜಾಗವೇ ಸುಮಾರು 0.1 ಮಿ.ಮೀ., ಅದರಲ್ಲೇ ಎಣ್ಣೆಯ ಪದರವೂ ಕೂರಬೇಕು. ಪಿಸ್ಟನ್ ಮಿತಿ ಮೀರಿ ಬಿಸಿಯಾದಾಗ ಉಬ್ಬಿ ಆ ಜಾಗವನ್ನು ತಿಂದು, ಎಣ್ಣೆಯನ್ನು ಒರೆಸಿ ಹಾಕಿ, ಗೋಡೆಗೆ ಉಜ್ಜಿ ತನ್ನದೇ ಅಲ್ಯೂಮಿನಿಯಮ್ಮನ್ನು ಅಲ್ಲಿ ಮೆತ್ತಿಬಿಡುತ್ತದೆ. ಬ್ರೇಕ್ ಒತ್ತಿದಂತೆ ಅನ್ನಿಸಿದ್ದು ಅದೇ. ಅರ್ಧ ಗಂಟೆಯಲ್ಲಿ ತಣ್ಣಗಾಗಿ ಕುಗ್ಗಿತು, ಬಿಟ್ಟುಕೊಂಡಿತು. ಗಾಯ ಮಾತ್ರ ಹಾಗೇ ಇದೆ. ಮೆತ್ತಿದ ಲೋಹ ರಿಂಗ್ ಕೂರುವ ತೋಡನ್ನು ಮುಚ್ಚದಿದ್ದರೆ ಕಂಪ್ರೆಷನ್ ಚೆನ್ನಾಗಿಯೇ ಬರುತ್ತದೆ. ಸಿಲಿಂಡರ್ ಎಣ್ಣೆಯಲ್ಲಿ ನೆಂದಿದ್ದರಂತೂ ಇರಬೇಕಾದ್ದಕ್ಕಿಂತ ಜಾಸ್ತಿಯೇ ತೋರಿಸುತ್ತದೆ. ನಾನೂ ಒಮ್ಮೆ ಗೇಜ್ ನೋಡಿ ಖುಷಿಪಟ್ಟು ಹೊರಟು, ಎರಡನೇ ದಿನ ಗಾಡಿಯನ್ನು ಎಳೆಸಿಕೊಂಡು ಬಂದವನೇ.

ಹಾಗಾಗಿ ಕಣ್ಣಾರೆ ನೋಡಿ. ಹೆಡ್ ಬಿಚ್ಚಬೇಕಿಲ್ಲ. ಎಕ್ಸಾಸ್ಟ್ ಪೈಪ್ ಹಿಡಿದಿರುವ ಸ್ಪ್ರಿಂಗ್‌ಗಳನ್ನು ಕೊಕ್ಕೆಯಿಂದ ತೆಗೆದು, ಸಿಲಿಂಡರ್‌ಗೆ ಅಂಟಿದ ಕವಲು ಪೈಪನ್ನೂ ತೆಗೆದರೆ ಎಕ್ಸಾಸ್ಟ್ ಪೋರ್ಟ್, ಅಂದರೆ ಹೊಗೆ ಹೊರಹೋಗುವ ಬಾಯಿ, ಕಾಣುತ್ತದೆ. ಪ್ಲಗ್ ಎರಡನ್ನೂ ಬಿಚ್ಚಿ, ಇಂಜಿನ್ ಕಡೆಯ ಕ್ಲಚ್ಚನ್ನು ಕೈಯಲ್ಲಿ ನಿಧಾನ ತಿರುಗಿಸುತ್ತಾ, ಟಾರ್ಚ್ ಬಿಟ್ಟು ಪಿಸ್ಟನ್ ಮೇಲೆ ಕೆಳಗೆ ಹೋಗುವುದನ್ನು ನೋಡಿ. ಚೆನ್ನಾಗಿರುವ ಪಿಸ್ಟನ್‌ನ ಮೈ ಮೇಲೆ ತಯಾರಿಕೆಯ ಸಣ್ಣ ಅಡ್ಡಗೆರೆಗಳು ಕಾಣುತ್ತವೆ. ಸೀಜ್ ಆದದ್ದರಲ್ಲಿ ಉದ್ದುದ್ದ ಗೀರು, ಬೂದು ಬಣ್ಣದ ಸವರಿದ ಗುರುತು. ರಿಂಗ್ ಪೋರ್ಟ್‌ಗೆ ಬಂದಾಗ ಮರದ ಕಡ್ಡಿಯಿಂದ ಮೆಲ್ಲಗೆ ಒತ್ತಿ. ಒಳಗೆ ಹೋಗಿ ಚಿಮ್ಮಿ ಬರಬೇಕು. ಬರದಿದ್ದರೆ ಅದು ಅಲ್ಲೇ ಅಂಟಿದೆ ಅಂತ. ಬಿಚ್ಚಿದ ಪ್ಲಗ್‌ಗಳನ್ನು ಬಿಸಾಡುವ ಮುಂಚೆ ಬೆಳಕಿಗೆ ಹಿಡಿಯಿರಿ. ಬಿಳಿ ಪಿಂಗಾಣಿಯ ಮೇಲೆ ಸಣ್ಣ ಹೊಳೆಯುವ ಕಣಗಳಿದ್ದರೆ ಅದು ಪಿಸ್ಟನ್ ಕರಗಿ ಹಾರಿದ್ದು.

ಈಗ ಗುರುತು ಓದುವ ಕೆಲಸ. ಎಲ್ಲರೂ ಬಿಡುವುದು ಇದನ್ನೇ. ಗೀರು ಎಕ್ಸಾಸ್ಟ್ ಕಡೆ ಮಾತ್ರ ಇದ್ದು ಪಿಸ್ಟನ್ ತಲೆಯ ಆ ಅಂಚು ಸವೆದೋ ಕರಗಿಯೋ ಇದ್ದರೆ ಪೆಟ್ರೋಲ್ ಸಾಲದೆ ಆದದ್ದು, ಅಂದರೆ ಲೀನ್. ಪಿಸ್ಟನ್ ಸುತ್ತ ನಾಲ್ಕು ಕಡೆ, ಹೆಚ್ಚುಕಮ್ಮಿ ಸಮ ದೂರದಲ್ಲಿ ಉದ್ದ ಪಟ್ಟಿಗಳಿದ್ದರೆ ಪಿಸ್ಟನ್ ಸಿಲಿಂಡರ್‌ಗಿಂತ ಬೇಗ ಉಬ್ಬಿದೆ. ಬೆಚ್ಚಗಾಗುವ ಮುಂಚೆಯೇ ಥ್ರಾಟಲ್ ಕೊಟ್ಟಾಗ, ಇಲ್ಲವೇ ಜಾಗ ತೀರಾ ಬಿಗಿ ಇದ್ದಾಗ ಹೀಗಾಗುತ್ತದೆ. ಸುತ್ತಲೂ ಉಜ್ಜಿ ಮೈಯೆಲ್ಲ ಒಣ ಒಣ ಅನ್ನಿಸಿದರೆ ಎಣ್ಣೆ ಸಿಕ್ಕಿಲ್ಲ. ತಲೆಯ ಅಂಚು ಮರಳು ಹೊಡೆದಂತೆ ಚುಕ್ಕಿ ಚುಕ್ಕಿಯಾಗಿದ್ದರೆ, ರಿಂಗ್‌ಗಳ ನಡುವಿನ ಪಟ್ಟಿ ಮುರಿದಿದ್ದರೆ ಅದು ಡಿಟೊನೇಷನ್, ಅಂದರೆ ಇಂಧನ ಮೆಲ್ಲಗೆ ಉರಿಯುವ ಬದಲು ಒಳಗೇ ಸಿಡಿದದ್ದು. ಕಡಿಮೆ ಆಕ್ಟೇನ್ ಪೆಟ್ರೋಲ್, ಮುಂದೆ ಹೋದ ಟೈಮಿಂಗ್ (ಕಿಡಿ ಬೇಗ ಹತ್ತುವುದು), ಲೀನ್, ಮೂರೂ ಇದಕ್ಕೆ ಕಾರಣ ಆಗಬಹುದು. ಇಂಟೇಕ್ ಕಡೆಯ ಮೈ ಮಾತ್ರ ಮಂಕಾಗಿ ಸವೆದಿದ್ದರೆ ಗಾಳಿಯ ಜೊತೆ ಕಸ ಹೋಗಿದೆ.

ಇನ್ನೊಂದು ಪ್ರಶ್ನೆ: ಒಂದು ಪಿಸ್ಟನ್ ಹೋಗಿದೆಯೋ ಎರಡೂ ಹೋಗಿವೆಯೋ? ಎರಡೂ ಹೋಗಿದ್ದರೆ ಇಬ್ಬರಿಗೂ ಸೇರಿದ್ದನ್ನು ಹಿಡಿಯಿರಿ: ಇಂಧನ ಪಂಪ್, ಫಿಲ್ಟರ್, ಟ್ಯಾಂಕ್‌ನಲ್ಲಿ ನೀರು, ಎಣ್ಣೆ ಪಂಪ್, ತಂಪು ಮಾಡುವ ವ್ಯವಸ್ಥೆ. ಒಂದೇ ಹೋಗಿದ್ದರೆ ಆ ಕಡೆಯದ್ದೇ ಏನೋ: ಜೆಟ್ (ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಬಿಡಿಭಾಗ), ಕಾರ್ಬೊರೇಟರನ್ನು ಇಂಜಿನ್‌ಗೆ ಜೋಡಿಸುವ ರಬ್ಬರ್ ಬೂಟ್, ಎಣ್ಣೆಯ ಸಣ್ಣ ಪೈಪ್, ಕ್ರ್ಯಾಂಕ್ ದಂಡದ ತುದಿಯಲ್ಲಿ ಗಾಳಿ ತಡೆಯುವ ಕ್ರ್ಯಾಂಕ್ ಸೀಲ್.

ನಿಮ್ಮ ಮಟ್ಟಿಗೆ ನನಗೆ ಎರಡು ಅನುಮಾನ. ಮೊದಲನೆಯದು ಜೆಟ್. ಸೊನ್ನೆ ಡಿಗ್ರಿಯಿಂದ 25 ಕೆಳಗೆ ಇಳಿದರೆ ಗಾಳಿ ಸುಮಾರು 10 ಪರ್ಸೆಂಟ್ ದಟ್ಟವಾಗುತ್ತದೆ, ಕಾರ್ಬೊರೇಟರ್‌ಗೆ ಅದು ತಿಳಿಯುವುದಿಲ್ಲ, ಹೆಚ್ಚುಕಮ್ಮಿ ಮೊದಲಿನಷ್ಟೇ ಪೆಟ್ರೋಲ್ ಕೊಡುತ್ತಾ ಇರುತ್ತದೆ. ಸ್ವಲ್ಪ ಹೊತ್ತಿನ ಓಟಕ್ಕೆ ನಡೆದೀತು, ಐದಾರು ನಿಮಿಷ ಪೂರ್ತಿ ಥ್ರಾಟಲ್ ಅಂದರೆ ಮೇನ್ ಜೆಟ್ ಮೇಲೇ ಬದುಕು. ಹುಡ್ ಒಳಬದಿಯಲ್ಲಿ ಅಥವಾ ಏರ್‌ಬಾಕ್ಸ್ (ಕಾರ್ಬೊರೇಟರ್‌ಗೆ ಗಾಳಿ ಹೋಗುವ ಡಬ್ಬಿ) ಮೇಲೆ ಅಂಟಿಸಿದ ಜೆಟ್ ಪಟ್ಟಿ ಇದ್ದರೆ ನೋಡಿ, ಚಳಿಗೂ ಎತ್ತರಕ್ಕೂ ತಕ್ಕ ಸೈಜ್ ಅದರಲ್ಲಿರುತ್ತದೆ. ಎರಡನೆಯದು ಹಿಮ. ಈ ಗಾಡಿಗಳಿಗೆ ಕಾರಿನ ಥರ ರೇಡಿಯೇಟರ್ ಸಾಮಾನ್ಯವಾಗಿ ಇರುವುದಿಲ್ಲ, ಗಾಡಿಯ ಕೆಳಗೆ ತಿರುಗುವ ಪಟ್ಟಿ, ಅಂದರೆ ಟ್ರ್ಯಾಕ್, ಮೇಲಕ್ಕೆ ಎರಚುವ ಹಿಮ ತಗುಲಿದರಷ್ಟೇ ಒಳಗಿನ ನೀರು ತಂಪಾಗುತ್ತದೆ. ಬರೀ ಮಂಜುಗಡ್ಡೆ ಮೇಲೆ ಎರಚಲು ಏನಿದೆ? ಬಿಸಿಯ ದೀಪ ಹತ್ತಿತ್ತಾ ಅಂತ ನೆನಪು ಮಾಡಿಕೊಳ್ಳಿ. ಎಕ್ಸಾಸ್ಟ್ ಕಡೆ ಮಾತ್ರ ಗುರುತಿದ್ದರೆ ಜೆಟ್, ಎರಡೂ ಪಿಸ್ಟನ್‌ಗಳಲ್ಲಿ ಸುತ್ತಲೂ ಇದ್ದರೆ ಬಿಸಿ, ನಾನು ಹಾಗೆ ಶುರು ಮಾಡುತ್ತೇನೆ.

ಪ್ರಶ್ನೆ: ಪಿಸ್ಟನ್ ಎರಡು ಸಲ ಬದಲಿಸಿದೆ. ಎರಡು ಸಲವೂ ಮ್ಯಾಗ್ನೆಟೊ (ಕಿಡಿಗೆ ವಿದ್ಯುತ್ ಹುಟ್ಟಿಸುವ ಭಾಗ) ಕಡೆಯದ್ದೇ ಎಕ್ಸಾಸ್ಟ್ ಬದಿ ಗೀಚಿ ಹೋಗಿದೆ. ಕಾರ್ಬೊರೇಟರ್ ಕ್ಲೀನ್ ಮಾಡಿದೆ, ಜೆಟ್ ಒಂದು ಸೈಜ್ ದೊಡ್ಡದು ಹಾಕಿದೆ. ಕಂಪನಿ ಪಿಸ್ಟನ್ ಅಲ್ಲ, ಅದಕ್ಕೇ ಹೀಗಾ?

ಉತ್ತರ: ಪಿಸ್ಟನ್ ಮೇಲೆ ತಪ್ಪು ಹೊರಿಸಬೇಡಿ. ಅದು ಪಾಪ, ಎರಡು ಸಲವೂ ಒಂದೇ ಮಾತು ಹೇಳಿದೆ. ಗಾಳಿ ಎಲ್ಲಿಂದಲೋ ಕದ್ದು ಬರುತ್ತಿದೆ. ನನ್ನ ಮೊದಲ ಅನುಮಾನ ಮ್ಯಾಗ್ನೆಟೊ ಕಡೆಯ ಕ್ರ್ಯಾಂಕ್ ಸೀಲ್.

ಟೂ ಸ್ಟ್ರೋಕ್‌ನಲ್ಲಿ ಇಂಧನ ಸಿಲಿಂಡರ್‌ಗೆ ಹೋಗುವ ಮುಂಚೆ ಕ್ರ್ಯಾಂಕ್‌ಕೇಸ್ ಒಳಗೆ ಬರುತ್ತದೆ, ಅಲ್ಲಿಂದ ಮೇಲಕ್ಕೆ ತಳ್ಳಲ್ಪಡುತ್ತದೆ. ಎರಡು ಸಿಲಿಂಡರ್ ಇದ್ದರೆ ಕೆಳಗೆ ಎರಡು ಬೇರೆ ಬೇರೆ ಕೋಣೆ. ತುದಿಯ ರಬ್ಬರ್ ಸೀಲ್ ಗಟ್ಟಿಯಾಗಿ ಬಿರುಕು ಬಿಟ್ಟರೆ ಆ ಕೋಣೆ ಕಾರ್ಬೊರೇಟರ್ ದಾರಿ ಬಿಟ್ಟು ಅಲ್ಲಿಂದಲೂ ಗಾಳಿ ಎಳೆಯುತ್ತದೆ, ಆ ಗಾಳಿಯಲ್ಲಿ ಪೆಟ್ರೋಲೂ ಇಲ್ಲ ಎಣ್ಣೆಯೂ ಇಲ್ಲ. ನೀವು ಜೆಟ್ ಎಷ್ಟು ದೊಡ್ಡದು ಮಾಡಿದರೂ ತೂತಿಗೆ ತೇಪೆ ಆಗುವುದಿಲ್ಲ. ಥ್ರಾಟಲ್ ಬಿಟ್ಟಾಗ ಇಂಜಿನ್ ತಟ್ಟನೆ ಇಳಿಯದೆ ಮೇಲೆಯೇ ನೇತಾಡುತ್ತಿತ್ತಾ? ಹಾಗಿದ್ದರೆ ಬಹುತೇಕ ಇದೇ.

ಸುಮ್ನೆ ಊಹಿಸುವುದು ಬೇಡ, ಒತ್ತಡ ಪರೀಕ್ಷೆ ಮಾಡಿ. ಕಾರ್ಬೊರೇಟರ್ ತೆಗೆದು ಬೂಟ್‌ಗಳಿಗೆ ಬಿರಡೆ ಹಾಕಿ. ಬೂಟ್ ಇಂಜಿನ್ ಮೇಲೇ ಇರಲಿ, ಅದೂ ಪರೀಕ್ಷೆಗೆ ಒಳಪಡಬೇಕು. ಎಕ್ಸಾಸ್ಟ್ ಪೋರ್ಟ್‌ಗೆ ದಪ್ಪ ರಬ್ಬರ್ ಇಟ್ಟು ತಗಡಿನಿಂದ ಬಿಗಿಯಿರಿ. ಪ್ಲಗ್‌ಗಳು ಜಾಗದಲ್ಲಿರಲಿ. ಕ್ರ್ಯಾಂಕ್‌ಕೇಸ್‌ನಿಂದ ಇಂಧನ ಪಂಪ್‌ಗೆ ಹೋಗುವ ಒತ್ತಡದ ಪೈಪ್ ಇದೆಯಲ್ಲ, ಅದರ ಬಾಯಿಂದ ಕೈಪಂಪ್‌ನಲ್ಲಿ 5-6 ಪಿ.ಎಸ್.ಐ. ಗಾಳಿ ತುಂಬಿ. ಆ ಬಾಯಿ ಇನ್ನೊಂದು ಕೋಣೆಗೆ ಸೇರಿದ್ದಾದರೆ, ನಿಮಗೆ ಬೇಕಾದ ಸಿಲಿಂಡರ್‌ನ ಬಿರಡೆಗೇ ಒಂದು ನಳಿಗೆ ಕೂರಿಸಿ ಅಲ್ಲಿಂದ ತುಂಬಿ. 10 ದಾಟಿಸಬೇಡಿ, ಒಳ್ಳೆಯ ಸೀಲೇ ಕಿತ್ತು ಬರಬಹುದು. ನಿಮಿಷಕ್ಕೆ 1 ಪಿ.ಎಸ್.ಐ.ಗಿಂತ ಜಾಸ್ತಿ ಇಳಿದರೆ ಸೋರುತ್ತಿದೆ ಅಂತ ಲೆಕ್ಕ. ಆಗ ಸೋಪು ನೀರು ಚಿಮುಕಿಸಿ: ಫ್ಲೈವೀಲ್ ತೆಗೆದು ಅದರ ಹಿಂದೆ, ಕ್ಲಚ್ ಹಿಂದೆ, ಬೂಟ್‌ಗಳ ಸುತ್ತ, ಸಿಲಿಂಡರ್ ಬುಡದಲ್ಲಿ, ಎಕ್ಸಾಸ್ಟ್ ಪೋರ್ಟ್ ಮೇಲಿನ ಪವರ್ ವಾಲ್ವ್ ಇದ್ದರೆ ಅದರ ಗ್ಯಾಸ್ಕೆಟ್‌ನಲ್ಲಿ. ಗುಳ್ಳೆ ಬಂದ ಕಡೆ ಕಳ್ಳ. ಆ ಒತ್ತಡದ ಪೈಪನ್ನೂ ಮಡಚಿ ನೋಡಿ. ಅದರಲ್ಲಿ ಬಿರುಕಿದ್ದರೆ ಒಂದು ಸಿಲಿಂಡರ್ ಗಾಳಿ ಕುಡಿಯುವುದಲ್ಲದೆ ಪಂಪೂ ಸೋಮಾರಿಯಾಗುತ್ತದೆ, ಎರಡು ಪೆಟ್ಟು.

ಎರಡು ಸಲ ಸೀಜ್ ಆದ ಇಂಜಿನ್ ಅಲ್ವಾ, ಪಿಸ್ಟನ್ ಹೊರಗಿದ್ದಾಗಲೇ ಕನೆಕ್ಟಿಂಗ್ ರಾಡ್ ಹಿಡಿದು ಮೇಲಕ್ಕೂ ಕೆಳಕ್ಕೂ ಎಳೆಯಿರಿ. ಪಕ್ಕಕ್ಕೆ ಸ್ವಲ್ಪ ಆಡುವುದು ಸಹಜ. ಮೇಲೆ ಕೆಳಗೆ ಆಡಿದರೆ ಬೇರಿಂಗ್ ಹೋಗಿದೆ, ಕ್ರ್ಯಾಂಕ್ ಅಲುಗಾಡಿ ಅಲುಗಾಡಿ ಸೀಲನ್ನು ಕೊಂದದ್ದೇ ಅದು ಇರಬಹುದು.

ಪ್ರಶ್ನೆ: ಬೇಸಿಗೆಯೆಲ್ಲ ನಿಂತಿದ್ದ ಗಾಡಿ. ಈಗ ಜಪ್ಪಯ್ಯ ಅಂದರೂ ಹಗ್ಗ ಬರುತ್ತಿಲ್ಲ. ಇನ್ನೊಂದು ಗಾಡಿಗೆ ಕಟ್ಟಿ ಎಳೆಸಿದರೆ ಬಿಡಬಹುದಾ?

ಉತ್ತರ: ಎಳೆಸಬೇಡಿ! ಎಳೆಸಿದರೂ ಪ್ರಯೋಜನ ಇಲ್ಲ, ಇಂಜಿನ್ ತಿರುಗದೆ ಇರುವಾಗ ಕ್ಲಚ್ ಬೆಲ್ಟನ್ನು ಹಿಡಿಯುವುದೇ ಇಲ್ಲ. ಓಡುವಾಗ ನಿಂತದ್ದಲ್ಲ ಅಂದರೆ ಪಿಸ್ಟನ್ ಮೇಲೆ ನನಗೆ ಅಷ್ಟು ಅನುಮಾನವಿಲ್ಲ. ಮೊದಲು ಬೆಲ್ಟ್ ತೆಗೆಯಿರಿ, ಆಮೇಲೆ ಹಗ್ಗದ ಸ್ಟಾರ್ಟರನ್ನೇ ಬಿಚ್ಚಿಡಿ. ಅದರ ಸ್ಪ್ರಿಂಗ್ ಸಿಕ್ಕಿಕೊಂಡು ಇಂಜಿನ್‌ಗೆ ಕೆಟ್ಟ ಹೆಸರು ಬಂದ ಕತೆಗಳು ಬೇಕಾದಷ್ಟಿವೆ. ಪ್ಲಗ್ ತೆಗೆದು ಕ್ಲಚ್ಚನ್ನು ಕೈಯಲ್ಲಿ ತಿರುಗಿಸಿ. ಪ್ಲಗ್ ತೂತಿನಿಂದ ಪೆಟ್ರೋಲೋ ಕೂಲಂಟೋ (ತಂಪು ಮಾಡುವ ದ್ರವ) ಚಿಮ್ಮಿ ಇಂಜಿನ್ ತಿರುಗಿಬಿಟ್ಟರೆ ಒಳಗೆ ದ್ರವ ತುಂಬಿ ತಡೆದಿತ್ತು ಅಷ್ಟೇ. ಪೆಟ್ರೋಲ್ ಆದರೆ ಕಾರ್ಬೊರೇಟರ್‌ನ ಸೂಜಿ ವಾಲ್ವ್, ಕೂಲಂಟ್ ಆದರೆ ಹೆಡ್ ಗ್ಯಾಸ್ಕೆಟ್ ನೋಡಿ. ಆಗಲೂ ತಿರುಗದಿದ್ದರೆ ತುಕ್ಕು. ತುಕ್ಕು ಬಿಡಿಸುವ ಎಣ್ಣೆ ಹಾಕಿ ಎರಡು ಮೂರು ದಿನ ಬಿಡಿ, ದಿನವೂ ಕ್ಲಚ್ಚನ್ನು ಹಿಂದೆ ಮುಂದೆ ಮೆಲ್ಲಗೆ ಒತ್ತಿ ನೋಡಿ, ಸುತ್ತಿಗೆ ಮಾತ್ರ ಮುಟ್ಟಬೇಡಿ. ಬಿಟ್ಟುಕೊಂಡರೂ ಹಿಗ್ಗಬೇಡಿ, ಕ್ರ್ಯಾಂಕ್ ಬೇರಿಂಗ್‌ಗೆ ತುಕ್ಕು ಹಿಡಿದಿದ್ದರೆ ತಿರುಗಿಸುವಾಗ ಕರಕರ ಅನ್ನುತ್ತದೆ. ಅಂಥ ಇಂಜಿನ್ ಪೂರ್ತಿ ಬಿಚ್ಚಲೇಬೇಕು.

ಪ್ರಶ್ನೆ: ಸಿಲಿಂಡರ್ ಒಳಗೆ ಬೆಳ್ಳಗೆ ಲೋಹ ಮೆತ್ತಿದೆ. ಸಿಲಿಂಡರ್ ಹೋಯಿತಾ?

ಉತ್ತರ: ಬಹಳ ಸಲ ಹೋಗಿರುವುದಿಲ್ಲ. ಈಗಿನ ಹೆಚ್ಚಿನ ಸಿಲಿಂಡರ್‌ಗಳು ಅಲ್ಯೂಮಿನಿಯಮ್, ಒಳಗೋಡೆಗೆ ನಿಕಾಸಿಲ್ ಲೇಪ. ಅದು ಗಟ್ಟಿ ಆಸಾಮಿ. ಮೆತ್ತಿದ್ದು ಪಿಸ್ಟನ್‌ನ ಲೋಹ, ಅದಕ್ಕೆ ಮಾತ್ರ ಹತ್ತಿ ಕಡ್ಡಿಯಿಂದ ಹೈಡ್ರೋಕ್ಲೋರಿಕ್ ಆಮ್ಲ ಸವರಿ. ನೊರೆ ಬರುತ್ತದೆ, ಒರೆಸಿ, ಮತ್ತೆ ಸವರಿ. ಲೋಹ ಮುಗಿದಾಗ ನೊರೆಯೂ ನಿಲ್ಲಬೇಕು. ನಿಲ್ಲದೆ ಒಂದೇ ಜಾಗದಲ್ಲಿ ಬರುತ್ತಲೇ ಇದ್ದರೆ ಅಲ್ಲಿ ಲೇಪ ಹರಿದು ಸಿಲಿಂಡರ್‌ನ ಅಲ್ಯೂಮಿನಿಯಮ್ಮನ್ನೇ ತಿನ್ನುತ್ತಿದೆ, ತಕ್ಷಣ ನಿಲ್ಲಿಸಿ, ಅದಕ್ಕೆ ಹೊಸ ಲೇಪವೇ ಗತಿ. ಪೋರ್ಟ್ ಅಂಚುಗಳಿಗೆ ಹನಿಯೂ ಬೀಳದಿರಲಿ. ಕೈಗವಸು, ಕನ್ನಡಕ, ಬಯಲು ಜಾಗ, ಇವಿಲ್ಲದೆ ಕೈ ಹಾಕಬೇಡಿ. ಕೊನೆಗೆ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು ಒಣಗಿಸಿ ಎಣ್ಣೆ ಹಚ್ಚಿ. ಆಮೇಲೆ ಉಗುರು ಎಳೆದು ನೋಡಿ, ಎಲ್ಲೂ ಸಿಕ್ಕಿಕೊಳ್ಳದಿದ್ದರೆ ಅಳತೆಗೆ ಕೊಡಬಹುದು. ಕಬ್ಬಿಣದ ಸ್ಲೀವ್ ಇರುವ ಹಳೆಯ ಇಂಜಿನ್‌ಗೆ ಈ ಆಮ್ಲದ ಆಟ ಬೇಡ, ಅದನ್ನು ಹೋನ್ ಮಾಡಿಸಬಹುದು, ಅಂದರೆ ಒಳಮೈ ಉಜ್ಜಿಸಬಹುದು, ಬೇಕಾದರೆ ಬೋರ್ ಮಾಡಿಸಿ, ಅಂದರೆ ಒಳಗಿನ ತೂತು ದೊಡ್ಡದು ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಹಾಕಬಹುದು.

ಪ್ರಶ್ನೆ: ಹೊರಡುವ ಮುಂಚೆ ಎಷ್ಟು ನಿಮಿಷ ಬೆಚ್ಚಗೆ ಮಾಡಬೇಕು?

ಉತ್ತರ: ಗಡಿಯಾರ ನೋಡಬೇಡಿ. ಹುಡ್ ಎತ್ತಿ, ತಿರುಗುವ ಭಾಗಗಳಿಂದ ದೂರ ಕೈಯಿಟ್ಟು, ಸಿಲಿಂಡರ್‌ನಿಂದ ವಾಪಸ್ ಬರುವ ಕೂಲಂಟ್ ಪೈಪ್ ಮುಟ್ಟಿ. ಬೆಚ್ಚಗಾಗಿದ್ದರೆ ಹೊರಡಿ, ಮೊದಲ ಒಂದೆರಡು ಕಿಲೋಮೀಟರ್ ಅರ್ಧ ಥ್ರಾಟಲ್ ದಾಟಬೇಡಿ. ಊಟಕ್ಕೆ ನಿಲ್ಲಿಸಿ ಬಂದ ಮೇಲೂ ಇದೇ, ಆಗ ಎಲ್ಲರೂ ಮರೆಯುತ್ತಾರೆ.